ತಗ್ಗು ಸರಳು, ತಂಪು ನೆರಳು

ಪುಸ್ತಕಗಳ ಗುಣದೋಷಗಳನ್ನು ತೂಗಿ ನೋಡುವ ಪುಟಗಳಲ್ಲಿ ಮೋಟಾರು ಗಾಡಿಯ ಟಾಪಿನ ಮೇಲೆ ಕೂರಿಸುವ ಎರಡು ಅಡ್ಡ ಸರಳುಗಳ ವಿಮರ್ಶೆಗೆ ಹೊರಟಿದ್ದೇವೆ. ಓದುಗ ಬಂಧುಗಳು ಮನ್ನಿಸಬೇಕು. ಪುಸ್ತಕ ಹಿಡಿಸದಿದ್ದರೆ ಮುಚ್ಚಿಡಬಹುದು. ಸರಳು ಸರಿಯಿಲ್ಲದಿದ್ದರೆ ಅದರ ಪಕ್ಕದ ನೆರಳಿನಲ್ಲಿ ಕುಳಿತವರಿಗೆ ಪೆಟ್ಟು. ಅಷ್ಟರಮಟ್ಟಿಗೆ ಈ ವಿಮರ್ಶೆಯ ಹೊಣೆ ಹೆಚ್ಚಿನದೆಂದೇ ನಮ್ಮ ಭಾವನೆ.

ಹೈದರಾಬಾದಿನ ನಮ್ಮ ಕನ್ನಡ ಕುಟುಂಬಗಳಲ್ಲಿ ಈಚೆಗೆ ಜೀಪಿನ ಜಾತಿಯ ಗಾಡಿಗಳು ಹೆಚ್ಚುತ್ತಿವೆ. ೨೦೨೦ರ ಅಕ್ಟೋಬರಿನಲ್ಲಿ ಮಹೀಂದ್ರ ಕಂಪನಿಯ ಹೊಸ ಥಾರ್ ಬಂತು. ೨೦೨೩ರ ಜೂನ್‌ನಲ್ಲಿ ಮಾರುತಿ ಸುಜುಕಿಯ ಐದು ಬಾಗಿಲಿನ ಜಿಮ್ನಿ ಬಂತು. ರಜೆ ಸಿಕ್ಕೊಡನೆ ಅನಂತಗಿರಿ ಗುಡ್ಡ, ಬೀದರದ ಕೋಟೆ, ಬಸವಕಲ್ಯಾಣ ಎಂದು ಹೊರಡುವ ನಮ್ಮ ಹುಡುಗರು ಗಾಡಿಯ ಎಡಮಗ್ಗುಲಿಗೆ ಸುರುಳಿ ಸುತ್ತಿದ ಒಂದು ಮೇಲ್ಕಟ್ಟನ್ನು ಕೂರಿಸಿಕೊಳ್ಳುತ್ತಾರೆ. ಅಂಗಡಿಯವರು ಇದನ್ನು ಆನಿಂಗ್ ಎನ್ನುತ್ತಾರೆ. ಬೇಕಾದಲ್ಲಿ ನಿಲ್ಲಿಸಿ, ಸುರುಳಿ ಬಿಚ್ಚಿ, ಎರಡು ಕಾಲು ಊರಿದರೆ ನಾಲ್ಕಾರು ಮಂದಿಗೆ ನೆರಳು. ಇದಕ್ಕೆ ಆಧಾರವಾಗಿರುವುದು ಟಾಪಿನ ಮೇಲಿನ ಎರಡು ಸರಳುಗಳು. ಮೇಲ್ಕಟ್ಟಿನ ಬಣ್ಣ ನೋಡಿ, ಬಟ್ಟೆ ಮುಟ್ಟಿ ನೋಡಿ, ಹತ್ತು ಸಲ ಬಿಚ್ಚಿ ಮಡಚಿ ಕೊಳ್ಳುವವರು ಸರಳನ್ನು ಮಾತ್ರ ಅಂಗಡಿಯವನು ಕೊಟ್ಟದ್ದನ್ನೇ ಹಾಕಿಸಿಕೊಂಡು ಬರುತ್ತಾರೆ. ನಮ್ಮ ತಕರಾರು ಇಲ್ಲಿಂದಲೇ ಆರಂಭ.

ನಮ್ಮ ಅಣ್ಣನ ಮಗನೂ ಹಾಗೆಯೇ ಮಾಡಿದ. ಟಾಪಿನಿಂದ ಗೇಣು ಎತ್ತರಕ್ಕೆ ನಿಲ್ಲುವ, ಕಪ್ಪು ಬಣ್ಣದ, ನೋಡಲು ಬಲು ಗಡುಸಾದ ಸರಳುಗಳು. ಒಂದು ಏಪ್ರಿಲ್ ತಿಂಗಳಲ್ಲಿ ನಮ್ಮ ತಾಯಿಯವರನ್ನು ಕರೆದುಕೊಂಡು ಬಸವಕಲ್ಯಾಣಕ್ಕೆ ಹೊರಟೆವು. ಜಹೀರಾಬಾದ್ ದಾಟಿದ ಮೇಲೆ ಊಟಕ್ಕೆಂದು ಗಾಡಿಯನ್ನು ರಸ್ತೆ ಬಿಟ್ಟು ಕೆಳಗಿಳಿಸಿ ಮೇಲ್ಕಟ್ಟು ಬಿಚ್ಚಿದೆವು. ರೊಟ್ಟಿಯ ಗಂಟು ಬಿಚ್ಚುವುದರೊಳಗೆ ಧೂಳಿನ ಗಾಳಿ ಎದ್ದಿತು. ಬಟ್ಟೆ ಹಾಯಿಯಂತೆ ಉಬ್ಬಿತು. ಮುಂದಿನ ಸರಳಿನ ಕಾಲು ಹಿಡಿತ ತಪ್ಪಿ ಹೊರಳಿತು. ಮೇಲ್ಕಟ್ಟಿನ ಅಲ್ಯೂಮಿನಿಯಂ ಕೋಲು ತಾಯಿಯವರ ಭುಜಕ್ಕೆ ಸವರಿಕೊಂಡು ಹೋಯಿತು. ಒಂದು ಗೇಣು ಈಚೆಗೆ ಬಂದಿದ್ದರೆ ತಲೆಗೇ ಬೀಳುತ್ತಿತ್ತು. ಎಲ್ಲರೂ ಸುಧಾರಿಸಿಕೊಂಡ ಮೇಲೆ ಅವರು ಮೊಮ್ಮಗನನ್ನು ಕೇಳಿದ್ದು ಒಂದೇ ಮಾತು: “ಗಾಡಿ ಚಂದ ಕಾಣ್ಲಿ ಅಂತ ಕಟ್ಟೀದಿಯೋ, ನಮಗ ನೆಳ್ಳಾಗ್ಲಿ ಅಂತ ಕಟ್ಟೀದಿಯೋ ತಮ್ಮಾ?”

ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ವಿಮರ್ಶಾ ಸೂತ್ರವನ್ನು ನಾವು ಕಂಡಿಲ್ಲ.

ಗಾಡಿಯ ಮೇಲೆ ಸಾಮಾನು ಕಟ್ಟುವುದು ನಮಗೆ ಹೊಸದಲ್ಲ. ೨೦೧೪ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ಕ್ಯಾರಿಯರ್ ನಮ್ಮಲ್ಲಿ ಅನೇಕರಿಗೆ ನೆನಪಿದೆ. ಟಾಪಿನ ಅಂಚಿನಲ್ಲಿ ಮಳೆನೀರು ಹರಿಯಲು ಇದ್ದ ಕಾಲುವೆಗೆ ಕ್ಲ್ಯಾಂಪು ಬಿಗಿದು, ಹೋಲ್ಡಾಲು, ಟ್ರಂಕು, ಮದುವೆಯ ಪಾತ್ರೆಗಳನ್ನೆಲ್ಲ ಹೇರಿ ಹಗ್ಗ ಜಗ್ಗಿ ಕಟ್ಟುತ್ತಿದ್ದೆವು. ಅದಕ್ಕೂ ಹಿಂದೆ ನಮ್ಮ ಹಳ್ಳಿಗಳ ಸವಾರಿ ಬಂಡಿಗೆ ಬಿದಿರನ್ನು ಬಗ್ಗಿಸಿ ಕಮಾನು ಹಾಕುತ್ತಿದ್ದರು. ಒಳಗೆ ಕುಳಿತವರ ತಲೆ ತಾಗದಷ್ಟು ಎತ್ತರ, ಅದಕ್ಕಿಂತ ಮೇಲಿಲ್ಲ. ಮೇಲೆ ಹಗುರ, ಕೆಳಗೆ ಭಾರ ಎಂಬುದು ಬಂಡಿ ಹೊಡೆಯುವವನಿಗೆ ಯಾರೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಆ ತಿಳಿವಳಿಕೆಯೇ ಇಂದಿನ ತಗ್ಗು ಸರಳಿನ ಹಿಂದೆಯೂ ಇದೆ.

ಆದರೆ ಕ್ಯಾರಿಯರಿಗೂ ಮೇಲ್ಕಟ್ಟಿನ ಸರಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಟ್ರಂಕು ಕೆಳಕ್ಕೆ ಮಾತ್ರ ಒತ್ತುತ್ತದೆ. ಬಿಚ್ಚಿದ ಮೇಲ್ಕಟ್ಟು ಮೇಲಕ್ಕೂ ಪಕ್ಕಕ್ಕೂ ಜಗ್ಗುತ್ತದೆ. ಎರಡು ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ಮೇಲ್ಕಟ್ಟು ಎಂದರೆ ೫ ಚದರ ಮೀಟರ್ ಬಟ್ಟೆ. ಗಾಳಿ ಗಂಟೆಗೆ ೨೫ ಕಿಲೋಮೀಟರ್ ವೇಗದಲ್ಲಿ ಅದಕ್ಕೆ ಪೂರ್ತಿ ಎದುರಾದರೆ ಬೀಳುವ ಒತ್ತಡ ಸುಮಾರು ೧೫ ಕಿಲೋ ತೂಕದಷ್ಟು. ವೇಗ ೫೦ ಕಿಲೋಮೀಟರಿಗೆ ಏರಿದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಸುಮಾರು ೬೦ ಕಿಲೋ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದೇ ಇದಕ್ಕೆ ಕಾರಣ. ಬೇಸಿಗೆಯ ಸಂಜೆಗಳಲ್ಲಿ ಗುಡುಗಿನೊಡನೆ ೪೦ರಿಂದ ೫೦ ಕಿಲೋಮೀಟರ್ ವೇಗದ ಗಾಳಿ ಎಂಬ ಹವಾಮಾನ ಇಲಾಖೆಯ ಮುನ್ಸೂಚನೆ ತೆಲಂಗಾಣಕ್ಕೂ ಬೀದರ ಕಲಬುರಗಿಗಳಿಗೂ ಅಪರೂಪದ್ದಲ್ಲ. ಹತ್ತು ಹದಿನೈದು ಕಿಲೋ ತೂಗುವ ಮೇಲ್ಕಟ್ಟನ್ನು ಹೊರಬಲ್ಲ ಸರಳು ಸಾಕೆಂದು ನಂಬಿದವರು ಈ ಲೆಕ್ಕವನ್ನು ಬಿಟ್ಟಿರುತ್ತಾರೆ.

ಇಲ್ಲಿ ಎತ್ತರದ ಮಾತು ಬರುತ್ತದೆ. ಸರಳಿನ ಕಾಲನ್ನು ಒಂದು ಹಾರೆಯೆಂದು ತಿಳಿಯಿರಿ. ಪಕ್ಕಕ್ಕೆ ಜಗ್ಗುವ ಬಲ ಒಂದೇ ಆದರೂ ೧೪ ಸೆಂಟಿಮೀಟರ್ ಎತ್ತರದ ಕಾಲು ತನ್ನ ಬುಡದ ಕ್ಲ್ಯಾಂಪನ್ನು ೭ ಸೆಂಟಿಮೀಟರ್ ಕಾಲಿನ ಎರಡರಷ್ಟು ಮೀಟುತ್ತದೆ. ಅಣ್ಣನ ಮಗನ ಗಾಡಿಯಲ್ಲಿ ಆದದ್ದು ಇದೇ. ಸರಳು ಮುರಿಯಲಿಲ್ಲ, ಬಗ್ಗಲೂ ಇಲ್ಲ, ಬುಡ ಕಿತ್ತಿತು. ಅಂಗಡಿಯಲ್ಲಿ ನಾವು ಬೆರಳಿನಿಂದ ಬಡಿದು ನೋಡುವುದು ಸರಳನ್ನು. ಪರೀಕ್ಷಿಸಬೇಕಾದದ್ದು ಬುಡವನ್ನು.

ತಗ್ಗು ಸರಳಿನ ಇನ್ನೊಂದು ಗುಣ ಗಾಡಿ ಓಡುವಾಗ ತಿಳಿಯುತ್ತದೆ. ಗಂಟೆಗೆ ೯೦ ಕಿಲೋಮೀಟರ್ ವೇಗದಲ್ಲಿ ಮೂರು ಸೆಂಟಿಮೀಟರ್ ದಪ್ಪದ ದುಂಡು ಸರಳಿನ ಹಿಂದೆ ಗಾಳಿಯ ಸುಳಿಗಳು ಸೆಕೆಂಡಿಗೆ ಸುಮಾರು ೧೬೦ ಸಲ ಕಳಚಿಕೊಳ್ಳುತ್ತವೆ. ಅದೇ ಆ ತಲೆ ತಿನ್ನುವ ಗುಂಯ್ ಎಂಬ ಸದ್ದು. ಟಾಪಿಗೆ ಹತ್ತಿರವಾಗಿ ಕೂರುವ, ಹಕ್ಕಿಯ ರೆಕ್ಕೆಯಂತೆ ಮುಂಭಾಗ ದುಂಡಗೆ ಹಿಂಭಾಗ ಚೂಪಾದ ಅಲ್ಯೂಮಿನಿಯಂ ಪಟ್ಟಿಯಲ್ಲಿ ಈ ಕಾಟ ಬಹಳ ಕಡಿಮೆ. ಜೊತೆಗೆ ನಮ್ಮ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ತೊಲೆಯನ್ನು ಮರೆಯಬಾರದು. ಕೊಳ್ಳುವ ಮುನ್ನ ಅದರ ಎತ್ತರವನ್ನು ಟೇಪು ಹಿಡಿದು ಅಳೆದುಕೊಳ್ಳುವುದು ಲೇಸು.

ತೂಕದ ವಿಷಯ. ಮೂರು ಬಾಗಿಲಿನ ಜಿಮ್ನಿಯ ಟಾಪಿಗೆ ತಯಾರಕರು ಇಟ್ಟಿರುವ ಮಿತಿ ೩೦ ಕಿಲೋ ಮಾತ್ರ. ಸರಳಿನ ತೂಕವೂ ಇದರಲ್ಲೇ ಸೇರಬೇಕು. ಒಂದು ಜೊತೆ ಅಲ್ಯೂಮಿನಿಯಂ ಸರಳು ೫–೬ ಕಿಲೋ, ಮೇಲ್ಕಟ್ಟು ಹದಿನೈದರೊಳಗೆ ಎಂದರೆ ಲೆಕ್ಕ ಸರಿಹೋಗುತ್ತದೆ. ಅದರ ಬದಲು ತೊಟ್ಟಿಲಿನಂಥ ಉಕ್ಕಿನ ಕ್ಯಾರಿಯರ್ ಏರಿಸಿದರೆ, ಮೇಲ್ಕಟ್ಟು ಕಟ್ಟುವ ಮೊದಲೇ ಮಿತಿ ತುಂಬಿದರೂ ಆಶ್ಚರ್ಯವಿಲ್ಲ. ಕಚ್ಚಾ ದಾರಿಯಲ್ಲಿ ಕುಲುಕಾಟ ಹೆಚ್ಚೆಂದು ಅನೇಕ ಸರಳು ತಯಾರಕರು ತಮ್ಮ ಮಿತಿಯನ್ನು ಇನ್ನೂ ಇಳಿಸಿ ಹೇಳುತ್ತಾರೆ. ಸರಳಿನ ಡಬ್ಬಿಯ ಮೇಲೆ ೭೫ ಕಿಲೋ ಎಂದಿದ್ದರೆ ಅದು ಸರಳಿನ ಶಕ್ತಿ, ಟಾಪಿನದಲ್ಲ. ಎರಡರಲ್ಲಿ ಕಡಿಮೆಯದೇ ನಮ್ಮ ಮಿತಿ. ಗಾಡಿಯೊಡನೆ ಬರುವ ಪುಸ್ತಕವನ್ನು ನಾವು ಯಾರೂ ತೆರೆಯುವುದಿಲ್ಲ. ಸಾಹಿತ್ಯಾಭಿಮಾನಿಗಳಾದ ನಾವು ಅದೊಂದು ಪುಸ್ತಕವನ್ನು ಓದಿದರೆ ತಪ್ಪೇನಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ತಗ್ಗು ಸರಳಿನಲ್ಲಿ ದೋಷವೇ ಇಲ್ಲವೆಂದಲ್ಲ. ಟಾಪು ನಡುವೆ ಉಬ್ಬಿದ್ದರೆ ತೀರ ತಗ್ಗಾದ ಸರಳು ಭಾರಕ್ಕೆ ಬಾಗಿ ಅದಕ್ಕೆ ಉಜ್ಜಬಹುದು. ಎರಡು ಬೆರಳಿನ ಸಂದು ಉಳಿಯಲೇಬೇಕು. ಸಂದು ಕಿರಿದಾದಷ್ಟೂ ಒಳಗೆ ಪಾನಾ ಹಾಕಿ ನಟ್ಟು ಬಿಗಿಯುವುದು ಕಷ್ಟ. ಮೇಲ್ಕಟ್ಟಿನ ಸುರುಳಿ ಕೆಳಗಿಳಿದಷ್ಟೂ ಬಾಗಿಲಿನ ಮೇಲಂಚು ಅದಕ್ಕೆ ತಾಗುವ ಭಯ. ಜಿಮ್ನಿಯ ಎತ್ತರವೇ ೧.೭೨ ಮೀಟರ್, ಅದರ ಪಕ್ಕದಲ್ಲಿ ತಗ್ಗಾಗಿ ಕಟ್ಟಿದ ಮೇಲ್ಕಟ್ಟಿನೊಳಗೆ ಎತ್ತರದ ಆಳು ತಲೆ ತಗ್ಗಿಸಿಯೇ ಹೋಗಬೇಕು. ಹೊರಗಿನ ಕಾಲುಗಳನ್ನು ಎತ್ತರಿಸಿದರೆ ಮಳೆಯ ನೀರು ಗಾಡಿಯ ಕಡೆಗೇ ಹರಿದು ಬರುತ್ತದೆ. ಆದ್ದರಿಂದ ಎಷ್ಟು ತಗ್ಗಾದರೆ ಅಷ್ಟು ಒಳ್ಳೆಯದೆಂಬ ಅಂಗಡಿಯ ಮಾತನ್ನೂ ನಾವು ಒಪ್ಪುವುದಿಲ್ಲ. ಬಾಗಿಲು ತೆರೆಯಬೇಕು, ಪಾನಾ ಆಡಬೇಕು, ಟಾಪು ಉಜ್ಜಬಾರದು. ಈ ಮೂರೂ ಕೆಡದಂತೆ ಎಷ್ಟು ತಗ್ಗಿಸಬಹುದೋ ಅದೇ ಸರಿಯಾದ ಎತ್ತರ. ಅದು ಗಾಡಿಯಿಂದ ಗಾಡಿಗೆ ಬೇರೆ.

ಬುಡದ ಹಿಡಿತವೂ ಹಾಗೆಯೇ. ಜಿಮ್ನಿಗೆ ಅಂಬಾಸಿಡರಿನಂತೆ ಟಾಪಿನ ಅಂಚಿನಲ್ಲಿ ನೀರಿನ ಕಾಲುವೆಯಿದೆ; ಕ್ಲ್ಯಾಂಪಿಗೆ ಅದು ಒಳ್ಳೆಯ ಆಸರೆ. ಕೆಲವು ಗಾಡಿಗಳಿಗೆ ಉದ್ದಕ್ಕೆ ಕಂಬಿಗಳಿರುತ್ತವೆ. ಏನೂ ಇಲ್ಲದವಕ್ಕೆ ಬಾಗಿಲಿನ ಚೌಕಟ್ಟಿಗೆ ಕಚ್ಚುವ ಕೊಕ್ಕೆಗಳು ಬರುತ್ತವೆ. ಅವು ಆಯಾ ಮಾದರಿಗೆ ಮಾಡಿದವೇ ಆಗಿರಬೇಕು, ಎಲ್ಲಕ್ಕೂ ಹೊಂದುತ್ತದೆಂಬುದು ಯಾವುದಕ್ಕೂ ಹೊಂದುವುದಿಲ್ಲ. ಬಟ್ಟೆಯ ಟಾಪಿನ ಥಾರ್ ಕೊಂಡವರು ಆ ಬಟ್ಟೆಯ ಮೇಲೆ ಸರಳಿನ ಆಸೆಯನ್ನು ಬಿಡುವುದೇ ಮೇಲು. ಟಾಪಿಗೆ ತೂತು ಕೊರೆದು ಬೋಲ್ಟು ಹಾಕುತ್ತೇವೆ ಎನ್ನುವವರಿಗೆ ಬೇಡವೆಂದು ಹೇಳಿರಿ. ನೀರು ಸೋರುವುದಲ್ಲದೆ ಕಾನೂನಿನ ತೊಡಕೂ ಬರಬಹುದು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿಯಿತು. ಬೇಕಾದಾಗ ಬಿಚ್ಚಿಡಬಹುದಾದ ಸರಳೇ ಎಲ್ಲ ರೀತಿಯಿಂದಲೂ ಕ್ಷೇಮ.

ಮೇಲ್ಕಟ್ಟು ಕೂರಿಸುವ ಬ್ರಾಕೆಟ್ಟಿಗಾಗಿ ಸರಳಿನ ಮೇಲ್ಮೈಯಲ್ಲಿ ಬೋಲ್ಟಿನ ತಲೆ ಜಾರುವ ಗಾಡಿ ಇದ್ದರೆ ಒಳ್ಳೆಯದು. ಹೊರಗಿನಿಂದ ಪಟ್ಟಿ ಸುತ್ತಿ ಬಿಗಿದದ್ದು ಕುಲುಕಾಟಕ್ಕೆ ತಿರುಗಿಬಿಡುತ್ತದೆ. ಎರಡು ಸರಳುಗಳ ನಡುವೆ ಸಾಧ್ಯವಾದಷ್ಟು ಅಂತರವಿರಲಿ. ಹಾಕಿಸಿದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಮೇಲ್ಕಟ್ಟು ಬಿಚ್ಚಿದಾಗ ಹಗ್ಗ ಗೂಟಗಳನ್ನು ಮರೆಯಬಾರದು. ಬೀದರದ ಸುತ್ತಿನ ಜಂಬಿಟ್ಟಿಗೆ ನೆಲದಲ್ಲಿ ಗೂಟ ಇಳಿಯುವುದಿಲ್ಲ. ಬೇಸಿಗೆಗೆ ಬಿರುಕು ಬಿಟ್ಟ ಎರೆ ಹೊಲದಲ್ಲಿ ಇಳಿದ ಗೂಟ ನಿಲ್ಲುವುದಿಲ್ಲ. ನೀರು ತುಂಬಿದ ಎರಡು ಕ್ಯಾನುಗಳಿಗೆ ಹಗ್ಗ ಕಟ್ಟುವುದು ಎರಡೂ ಕಡೆ ನಡೆಯುವ ಉಪಾಯ. ಗಾಳಿ ಬಲವಾದರೆ ಯಾವ ಉಪಾಯವನ್ನೂ ನಂಬದೆ ಮೊದಲು ಸುರುಳಿ ಸುತ್ತಿಬಿಡಬೇಕು.

ಕೊನೆಗೆ ಒಂದು ಮಾತು. ಇಷ್ಟೆಲ್ಲ ತಾಪತ್ರಯ ಏಕೆ ಎಂದು ಹಿರಿಯರು ಕೇಳಬಹುದು. ೧೯೫೬ರವರೆಗೆ ಬೀದರ, ಗುಲಬರ್ಗಾ, ರಾಯಚೂರುಗಳು ಹೈದರಾಬಾದ್ ರಾಜ್ಯದವೇ ಆಗಿದ್ದವು. ಅವಕ್ಕೆ ಹೋಗುವ ಹಳೆಯ ರಸ್ತೆಗಳ ಪಕ್ಕದ ಮರಗಳೇ ನಮ್ಮ ಹಿರಿಯರ ಮೇಲ್ಕಟ್ಟುಗಳು. ವಿಜಾಪುರದ ದಾರಿಯಲ್ಲಿ ಚೇವೆಳ್ಳದ ಸುತ್ತಮುತ್ತ ಇರುವ ನೂರಾರು ಆಲದ ಮರಗಳಿಗಾಗಿ, ರಸ್ತೆ ಅಗಲವಾಗುವ ಹೊತ್ತಿನಲ್ಲಿ, ಈ ಊರಿನ ನಾಗರಿಕರು ಹಸಿರು ನ್ಯಾಯಮಂಡಳಿಯವರೆಗೂ ಹೋಗಬೇಕಾಯಿತು. ಮರವಿದ್ದಲ್ಲಿ ನಾವು ಮೇಲ್ಕಟ್ಟು ಬಿಚ್ಚುವುದಿಲ್ಲ. ಮರವಿಲ್ಲದ ದಾರಿ ಹೆಚ್ಚಾಗಿರುವುದರಿಂದ ಸರಳುಗಳ ವಿಚಾರ ಮಾಡಬೇಕಾಗಿದೆ.

ಅಣ್ಣನ ಮಗ ಈಗ ತಗ್ಗು ಸರಳು ಹಾಕಿಸಿದ್ದಾನೆ. ಮೊದಲಿನಷ್ಟು ಗತ್ತು ಕಾಣುವುದಿಲ್ಲವೆಂಬ ಕೊರಗು ಅವನಿಗೆ ಇನ್ನೂ ಇದೆ. ಮುಂದಿನ ಪ್ರಯಾಣದಲ್ಲಿ ನಮ್ಮ ತಾಯಿಯವರು ಕೂರುವ ಮುನ್ನ ಸರಳಿನ ಬುಡವನ್ನು ಕೈಯಿಂದ ಅಲುಗಾಡಿಸಿ ನೋಡಿದರು; ಅಲುಗಲಿಲ್ಲ. ಆಮೇಲೆ ಚಾಪೆ ಹಾಸಲು ಹೇಳಿದರು. ಗಾಡಿ ಕೊಂಡ ಬಂಧುಗಳು ಅಂಗಡಿಯಲ್ಲಿ ಅಷ್ಟೊಂದು ಕೆಲಸ ಮಾಡಿದರೆ ಈ ಬರಹ ಸಾರ್ಥಕ.