ವೈರಸ್ಸಿನ ಸುತ್ತ ನಿಂತ ಟಂಗ್‌ಸ್ಟನ್

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮುಂದೆ ಕೂತವರಿಗೆ ಬಹುಬೇಗ ಅರಿವಾಗುವ ಸಂಗತಿಯೆಂದರೆ, ವೈರಸ್ಸು ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಅದರ ಮೈಯೆಲ್ಲ ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕದಂಥ ಹಗುರ ಧಾತುಗಳು. ಎಲೆಕ್ಟ್ರಾನುಗಳು ಅವುಗಳ ನಡುವೆ ಹೆಚ್ಚು ಅಡ್ಡಿಯಿಲ್ಲದೆ ಹಾದುಹೋಗುತ್ತವೆ. ಪರದೆಯ ಮೇಲೆ ಉಳಿಯುವುದು ಮಬ್ಬು ಬೂದು ಬಣ್ಣ ಮಾತ್ರ. ಆ ಮಬ್ಬಿನೊಳಗಿಂದ ವೈರಸ್ಸಿನ ಅಂಚು, ಮುಳ್ಳು, ಮುಖಗಳನ್ನು ಎತ್ತಿ ತೋರಿಸಿದ್ದು ಪ್ರಯೋಗಾಲಯದ ಕಪಾಟಿನಲ್ಲಿದ್ದ ಒಂದು ಹಳೆಯ ರಾಸಾಯನಿಕ, ಫಾಸ್ಫೋಟಂಗ್‌ಸ್ಟಿಕ್ ಆಮ್ಲ. ಲ್ಯಾಬಿನವರ ಬಾಯಲ್ಲಿ ಅದು ಬರೀ ಪಿಟಿಎ.

ನೋಡಲು ಸಾಮಾನ್ಯ ಹರಳುಪುಡಿ. ನೀರಿಗೆ ಹಾಕಿದರೆ ಸಲೀಸಾಗಿ ಕರಗುತ್ತದೆ. ಆದರೆ ಅದರ ಅಣುವಿನ ಕಟ್ಟಡ ಬೆರಗು ಹುಟ್ಟಿಸುವಂಥದ್ದು. ನಡುವೆ ಒಂದೇ ಒಂದು ರಂಜಕ, ಅದರ ಸುತ್ತ ಹನ್ನೆರಡು ಟಂಗ್‌ಸ್ಟನ್, ಅವನ್ನೆಲ್ಲ ಹೆಣೆದುಕೊಂಡ ನಲವತ್ತು ಆಮ್ಲಜನಕ. ಮ್ಯಾಂಚೆಸ್ಟರಿನಲ್ಲಿ ಜೆ.ಎಫ್. ಕೆಗ್ಗಿನ್ 1933ರಲ್ಲಿ ಎಕ್ಸ್-ರೇ ವಿವರ್ತನೆಯ ನೆರವಿನಿಂದ ಈ ಹೆಣಿಗೆಯನ್ನು ಬಿಡಿಸಿ ತೋರಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. ಅಣುವಿನ ಅಗಲ ಸುಮಾರು ಒಂದು ನ್ಯಾನೋಮೀಟರ್, ಅಣುತೂಕ 2880ರ ಆಸುಪಾಸು. ಆ ತೂಕದಲ್ಲಿ ಮುಕ್ಕಾಲು ಪಾಲು ಟಂಗ್‌ಸ್ಟನ್ನಿನದೇ. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟು ಭಾರ ತುಂಬಿರುವುದರಿಂದಲೇ ಎಲೆಕ್ಟ್ರಾನುಗಳು ಇದಕ್ಕೆ ತಾಗಿ ಚದುರುತ್ತವೆ.

ಕೇಂಬ್ರಿಜ್‌ನ ಸಿಡ್ನಿ ಬ್ರೆನ್ನರ್ ಮತ್ತು ರಾಬರ್ಟ್ ಹಾರ್ನ್ 1959ರಲ್ಲಿ ನೆಗೆಟಿವ್ ಸ್ಟೇನಿಂಗ್ ವಿಧಾನವನ್ನು ಪ್ರಕಟಿಸಿದರು. ಪಿಟಿಎ ಬಳಸಿದವರಲ್ಲಿ ಅವರೇ ಮೊದಲಿಗರಲ್ಲ, ಆದರೆ ಯಾರು ಬೇಕಾದರೂ ಮಾಡಬಹುದಾದ ಕ್ರಮವಾಗಿ ಅದು ಲ್ಯಾಬುಗಳಿಗೆ ಹರಡಿದ್ದು ಅವರ ಪ್ರಬಂಧದಿಂದ. ಅಲ್ಲಿಯವರೆಗೆ ವೈರಸ್ಸಿನ ಮೇಲೆ ಲೋಹದ ಆವಿಯನ್ನು ಓರೆಯಾಗಿ ಬಿಟ್ಟು ನೆರಳು ಮೂಡಿಸುವ ಪದ್ಧತಿ ಹೆಚ್ಚು ಬಳಕೆಯಲ್ಲಿತ್ತು. ಲೋಹದ ಪದರದಡಿ ಸೂಕ್ಷ್ಮ ವಿವರಗಳು ಹೂತುಹೋಗುತ್ತಿದ್ದವು. ಪಿಟಿಎ ವೈರಸ್ಸಿಗೆ ಬಣ್ಣ ಹಚ್ಚುವುದಿಲ್ಲ, ಅದರ ಸುತ್ತ ನಿಲ್ಲುತ್ತದೆ. ನೆಲದ ಮೇಲೆ ಎಲೆಯಿಟ್ಟು ಸುತ್ತ ಬಣ್ಣ ಚಿಮುಕಿಸಿ ಎಲೆ ಎತ್ತಿದರೆ ಅದರ ಆಕಾರ ಉಳಿಯುವಂತೆ, ಕಪ್ಪು ಹಿನ್ನೆಲೆಯಲ್ಲಿ ವೈರಸ್ಸು ಬೆಳ್ಳಗೆ ಮೂಡುತ್ತದೆ.

ಈ ಕೆಲಸವನ್ನು ಹತ್ತಿರದಿಂದ ನೋಡುವುದೇ ಒಂದು ಸುಖ. ಮೂರು ಮಿಲಿಮೀಟರ್ ಅಗಲದ ತಾಮ್ರದ ಗ್ರಿಡ್, ಅದರ ಮೇಲೆ ತೆಳ್ಳನೆಯ ಇಂಗಾಲದ ಪೊರೆ. ಫೋರ್ಸೆಪ್ಸ್ ತುದಿಯಲ್ಲಿ ಗ್ರಿಡ್ಡಿನ ಅಂಚು ಹಿಡಿದು ಮಾದರಿಯ ಒಂದು ಹನಿ ಇಡಬೇಕು. ಕಣಗಳು ಪೊರೆಗೆ ಅಂಟಿಕೊಳ್ಳಲು ತುಸು ಹೊತ್ತು ಬಿಟ್ಟು, ಫಿಲ್ಟರ್ ಪೇಪರಿನ ಅಂಚನ್ನು ಹನಿಯ ಪಕ್ಕಕ್ಕೆ ತಾಗಿಸಿದರೆ ನೀರು ಮೆಲ್ಲಗೆ ಕಾಗದಕ್ಕೆ ಏರುತ್ತದೆ. ಆಮೇಲೆ ಶೇಕಡಾ ಒಂದೆರಡರಷ್ಟು ಪಿಟಿಎ ಇರುವ ದ್ರಾವಣದ ಹನಿ, ಮತ್ತೆ ಫಿಲ್ಟರ್ ಪೇಪರು. ಎಲ್ಲವನ್ನೂ ಹೀರಿಬಿಟ್ಟರೆ ಹಿನ್ನೆಲೆಯೇ ಉಳಿಯದು, ಕಡಿಮೆ ಹೀರಿದರೆ ಗ್ರಿಡ್ ತುಂಬ ಕಪ್ಪು ಕಟ್ಟುತ್ತದೆ. ಬಹಳಷ್ಟು ಕಡೆ ದ್ರಾವಣಕ್ಕೆ ಪೊಟ್ಯಾಷಿಯಂ ಅಥವಾ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ ಪಿಎಚ್ ಅನ್ನು 7ರ ಹತ್ತಿರ ತಂದಿರುತ್ತಾರೆ. ಹಾಗೆ ಮಾಡದಿದ್ದರೆ ಅದು ಪ್ರೋಟೀನನ್ನೇ ಗಟ್ಟಿಗಟ್ಟಿಸುವಷ್ಟು ತೀಕ್ಷ್ಣ ಆಮ್ಲ. ಹನಿ ಇಟ್ಟಾಗಿನಿಂದ ಚಿತ್ರ ಸಿಗುವವರೆಗೆ ಕೆಲವೇ ನಿಮಿಷಗಳ ಕೆಲಸ.

ಅದೇ 1959ರಲ್ಲಿ ಇದೇ ವಿಧಾನದಿಂದ ಅಡೆನೋವೈರಸ್ಸಿನ ರೂಪ ಬಯಲಾಯಿತು: ಇಪ್ಪತ್ತು ತ್ರಿಕೋನ ಮುಖಗಳ ಗಟ್ಟಿ ಆಕೃತಿ, ಅದರ ಕವಚದಲ್ಲಿ 252 ಗುಬುಟುಗಳು. ಎಣಿಸುವಷ್ಟು ಸ್ಪಷ್ಟ!

ಈ ವಿಧಾನವನ್ನು ಕಲೆಯ ಮಟ್ಟಕ್ಕೆ ಒಯ್ದವರಲ್ಲಿ ಜೂನ್ ಅಲ್ಮೇಡಾ ಅವರ ಹೆಸರನ್ನು ಮೊದಲು ಹೇಳಬೇಕು. ಗ್ಲಾಸ್ಗೋದ ಬಸ್ ಚಾಲಕರ ಮಗಳು. ಹದಿನಾರಕ್ಕೇ ಶಾಲೆ ಬಿಟ್ಟು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದವರು. ಟೊರಾಂಟೊದಲ್ಲಿ ಕೈ ಪಳಗಿಸಿಕೊಂಡು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಬಂದರು. ನೆಗಡಿಯ ಸಂಶೋಧಕ ಡೇವಿಡ್ ಟಿರೆಲ್ ಬಿ814 ಎಂಬ ಮಾದರಿಯನ್ನು ಅಲ್ಮೇಡಾ ಅವರಿಗೆ ಕಳಿಸಿದರು. ಸಾಮಾನ್ಯ ಕೋಶಕೃಷಿಯಲ್ಲಿ ಬೆಳೆಯದ, ಶ್ವಾಸನಾಳದ ತುಣುಕುಗಳಲ್ಲಿ ಮಾತ್ರ ಬದುಕುತ್ತಿದ್ದ ವೈರಸ್ಸು ಅದು. ಅಲ್ಮೇಡಾ ಅದನ್ನು ಗ್ರಿಡ್ಡಿನ ಮೇಲೆ ಕಂಡರು: ದುಂಡು ಮೈ, ಸುತ್ತ ಗದೆಯಾಕಾರದ ಮುಳ್ಳುಗಳ ಸಾಲು. 1967ರಲ್ಲಿ ಪ್ರಕಟವಾದ ಆ ಚಿತ್ರಗಳು ಮನುಷ್ಯರ ಕೊರೊನಾ ವೈರಸ್ಸಿನ ಮೊದಲ ದರ್ಶನ. 2020ರ ಜನವರಿಯಲ್ಲಿ ಕೇರಳದಲ್ಲಿ ಪತ್ತೆಯಾದ ದೇಶದ ಮೊದಲ ಕೋವಿಡ್ ಪ್ರಕರಣದ ಗಂಟಲು ಮಾದರಿಯಿಂದ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ವೈರಸ್ಸಿನ ಚಿತ್ರ ತೆಗೆದದ್ದೂ ನೆಗೆಟಿವ್ ಸ್ಟೇನಿಂಗ್‌ನಿಂದಲೇ.

ಪಿಟಿಎ ಯಾವಾಗಲೂ ಹೊರಗೇ ನಿಲ್ಲುವುದಿಲ್ಲ. ತಟಸ್ಥಗೊಳಿಸದೆ ಆಮ್ಲವಾಗಿಯೇ ಬಳಸಿದರೆ ಅದು ಪ್ರೋಟೀನಿಗೆ ಬಿಗಿಯಾಗಿ ಅಂಟುತ್ತದೆ. ವಿಯೆನ್ನಾದ ಬ್ರಯನ್ ಮೆಟ್ಷರ್ ಈ ಗುಣವನ್ನು ಮೈಕ್ರೋ ಸಿಟಿ ಎಂಬ ಎಕ್ಸ್-ರೇ ಸ್ಕ್ಯಾನಿಂಗ್‌ಗೆ ಒಗ್ಗಿಸಿ 2009ರಲ್ಲಿ ಪ್ರಕಟಿಸಿದರು. ಭ್ರೂಣವನ್ನೋ ಕೀಟವನ್ನೋ ಪಿಟಿಎ ಬೆರೆಸಿದ ಆಲ್ಕೋಹಾಲಿನಲ್ಲಿ ನೆನೆಸಿಟ್ಟರೆ ಟಂಗ್‌ಸ್ಟನ್ ಅಂಗಾಂಶದೊಳಕ್ಕೆ ಇಳಿಯುತ್ತದೆ. ಎಕ್ಸ್-ರೇಗೆ ಮೂಳೆ ಮಾತ್ರ ಕಾಣುತ್ತಿದ್ದ ಕಡೆ ಸ್ನಾಯು, ನರ, ಕರುಳು ಎಲ್ಲ ಎದ್ದು ಕಾಣುತ್ತವೆ, ಅದೂ ಕತ್ತರಿ ಆಡಿಸದೆ. ಇದಕ್ಕೆ ತಾಳ್ಮೆ ಬೇಕು. ಅಣು ದೊಡ್ಡದಾದ್ದರಿಂದ ಅಯೋಡಿನ್ನಿನಷ್ಟು ಬೇಗ ಒಳಗೆ ಇಳಿಯುವುದಿಲ್ಲ.

ಇನ್ನೊಂದು ಮುಖ ನೀಲಿ ಬಣ್ಣದ್ದು. ಎಲೆಕ್ಟ್ರಾನು ಸಿಕ್ಕರೆ ಈ ಬಗೆಯ ಟಂಗ್‌ಸ್ಟನ್, ಮಾಲಿಬ್ಡಿನಂ ಸಂಯುಕ್ತಗಳು ಗಾಢ ನೀಲಿಗೆ ತಿರುಗುತ್ತವೆ. 1927ರ ಫೋಲಿನ್-ಸಿಯೋಕಾಲ್ಟು ದ್ರಾವಣ ನಿಂತಿರುವುದು ಇದರ ಮೇಲೆಯೇ. ಪ್ರೋಟೀನ್ ಅಳೆಯುವ, 1951ರಲ್ಲಿ ಪ್ರಕಟವಾದ ಲೌರಿ ವಿಧಾನಕ್ಕೂ ಅದೇ ಆಧಾರ. ಟೀ, ಕಾಫಿ, ರಾಗಿ ಸಿಪ್ಪೆಯ ಪಾಲಿಫಿನಾಲುಗಳನ್ನು ಅಳೆಯುವ ಆಹಾರ ಪ್ರಯೋಗಾಲಯಗಳಲ್ಲಿ ಈ ನೀಲಿ ನಿತ್ಯದ ನೋಟ. ರಕ್ತಪರೀಕ್ಷೆಯಲ್ಲೂ ಪಿಟಿಎ ದುಡಿದಿದೆ. ಮೆಗ್ನೀಷಿಯಂ ಲವಣದ ಜೊತೆ ಸೀರಂಗೆ ಸೇರಿಸಿದರೆ ಕೊಲೆಸ್ಟೆರಾಲ್ ಹೊತ್ತ ಕಣಗಳಲ್ಲಿ ಎಲ್‌ಡಿಎಲ್ ಮತ್ತು ವಿಎಲ್‌ಡಿಎಲ್ ಗಟ್ಟಿಗಟ್ಟಿ ತಳಕ್ಕಿಳಿಯುತ್ತವೆ, ಮೇಲಿನ ತಿಳಿಯಲ್ಲಿ ಎಚ್‌ಡಿಎಲ್ ಉಳಿಯುತ್ತದೆ. ಇಂಧನ ಕೋಶದ ಪೊರೆಗಳಲ್ಲೂ ಇದರ ಪ್ರಯೋಗ ನಡೆದಿದೆ. ನೀರು ತುಂಬಿಕೊಂಡ ಇದರ ಹರಳು ಕೋಣೆಯ ಉಷ್ಣತೆಯಲ್ಲೇ ಪ್ರೋಟಾನುಗಳನ್ನು ಚೆನ್ನಾಗಿ ಸಾಗಿಸುತ್ತದೆ. ಆದರೆ ಅದೇ ನೀರಿನಲ್ಲಿ ಕರಗಿ ಪೊರೆಯಿಂದ ಸೋರಿಹೋಗುವುದು ಅಲ್ಲಿನ ದೊಡ್ಡ ತಲೆನೋವು.

ಸೂಕ್ಷ್ಮದರ್ಶಕದಲ್ಲೂ ಇದಕ್ಕೆ ಮಿತಿಯಿದೆ. ಒಣಗುವಾಗ ಕಣಗಳು ಚಪ್ಪಟೆಯಾಗಬಹುದು, ನಾಜೂಕಾದ ವೈರಸ್ಸುಗಳು ಒಡೆಯಬಹುದು. ಸ್ಟೇನಿನ ಕಣಕಣವಾದ ಹರಹಿನಿಂದಾಗಿ ಒಂದೆರಡು ನ್ಯಾನೋಮೀಟರಿಗಿಂತ ಕಿರಿದಾದ ವಿವರ ಸಿಗುವುದು ಕಷ್ಟ. ಮಾದರಿಯನ್ನು ನೀರಿನೊಂದಿಗೇ ಥಟ್ಟನೆ ಹೆಪ್ಪುಗಟ್ಟಿಸಿ ನೋಡುವ ಕ್ರಯೋ ವಿಧಾನ ಆ ಗೆರೆಯನ್ನು ದಾಟಿತು, ಅದಕ್ಕೆ 2017ರಲ್ಲಿ ನೊಬೆಲ್ ಬಂತು. ಆದರೂ ಅನೇಕ ಕ್ರಯೋ ಪ್ರಯೋಗಾಲಯಗಳಲ್ಲಿ ದುಬಾರಿ ಯಂತ್ರದ ಸರದಿ ಬರುವ ಮುನ್ನ ಒಂದು ಗ್ರಿಡ್ ನೆಗೆಟಿವ್ ಸ್ಟೇನಿಂಗ್ ಮಾಡಿ ನೋಡುತ್ತಾರೆ: ಕಣಗಳು ಇಡಿಯಾಗಿವೆಯೇ, ಒಂದಕ್ಕೊಂದು ಅಂಟಿ ಮುದ್ದೆಯಾಗಿವೆಯೇ, ಸಾಕಷ್ಟಿವೆಯೇ ಎಂದು. ಆ ತಪಾಸಣೆಗೆ ಯುರೇನಿಲ್ ಅಸಿಟೇಟ್ ಬಳಸುವವರೂ ಬಹಳ ಮಂದಿ, ಅದರಲ್ಲಿ ಚಿತ್ರ ಇನ್ನಷ್ಟು ಕಪ್ಪುಬಿಳುಪಾಗಿ ಬರುತ್ತದೆ. ಆದರೆ ಅದು ವಿಕಿರಣಶೀಲ, ಸಾಲದ್ದಕ್ಕೆ ಫಾಸ್ಫೇಟ್ ಬೆರೆತ ಬಫರಿನಲ್ಲಿ ಗಟ್ಟಿಗಟ್ಟುತ್ತದೆ. ಹೊಸದಾಗಿ ಕೈ ಪಳಗಿಸಿಕೊಳ್ಳುವ ವಿದ್ಯಾರ್ಥಿಗೆ ಮೊದಲು ಕೊಡಬೇಕಾದದ್ದು ಪಿಟಿಎ ಬಾಟಲಿಯೇ.