ಬಯಕೆಯ ಕಡತ ಮತ್ತು ನೆಲದ ಹಕ್ಕು: ಹ್ಯಾಂಬರ್ಗ್‌ನ 'ಪಾರ್ಕ್ ಫಿಕ್ಷನ್' ಕಲಾಯೋಜನೆಯ ಒಂದು ಜಾನಪದೀಯ ವಿಮರ್ಶೆ

1

ನಗರದ ಬಡಜನರ ಕೇರಿಗಳು ಕ್ರಮೇಣ ಉಳ್ಳವರ ವಸತಿಗಳಾಗಿ ಮಾರ್ಪಡುವ ಪ್ರಕ್ರಿಯೆಯನ್ನು ನಗರ ಅಧ್ಯಯನಗಳು 'ಜೆಂಟ್ರಿಫಿಕೇಶನ್' ಎಂದು ಕರೆಯುತ್ತವೆ. ಲಂಡನ್ನಿನ ಕಾರ್ಮಿಕ ಬಡಾವಣೆಗಳಲ್ಲಿ ಮಧ್ಯಮವರ್ಗದವರು ನೆಲೆಯೂರುತ್ತಿದ್ದುದನ್ನು ಗಮನಿಸಿದ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ 1964ರಲ್ಲಿ ಈ ಪದವನ್ನು ಬಳಕೆಗೆ ತಂದರು. ಇಂಗ್ಲೆಂಡಿನ ಗ್ರಾಮೀಣ ಭೂಮಾಲೀಕ ವರ್ಗವಾದ 'ಜೆಂಟ್ರಿ'ಯನ್ನು ನೆನಪಿಸುವ ಈ ಪದದಲ್ಲಿ ವ್ಯಂಗ್ಯವೂ ಸೇರಿಕೊಂಡಿದೆ. ಕನ್ನಡದಲ್ಲಿ ಇದನ್ನು 'ಕುಲೀನೀಕರಣ' ಎಂದು ಕರೆಯಬಹುದು. ಈ ಪ್ರಕ್ರಿಯೆಯ ಆರ್ಥಿಕ ತಳಹದಿಯನ್ನು ಭೂಗೋಳಶಾಸ್ತ್ರಜ್ಞ ನೀಲ್ ಸ್ಮಿತ್ 1979ರಲ್ಲಿ ವಿವರಿಸಿದರು. ಒಂದು ಜಾಗ ಸದ್ಯಕ್ಕೆ ತರುತ್ತಿರುವ ಬಾಡಿಗೆಗೂ ಬೇರೆ ಬಳಕೆಗೆ ಒಳಪಟ್ಟರೆ ತರಬಹುದಾದ ಬಾಡಿಗೆಗೂ ನಡುವೆ ಅಂತರ ಬೆಳೆದಾಗ ಬಂಡವಾಳ ಅಲ್ಲಿಗೆ ಹರಿದು ಬರುತ್ತದೆ ಎಂಬುದು ಅವರ ವಾದದ ಸಾರ.

ಈ ಪ್ರಕ್ರಿಯೆಯಲ್ಲಿ ಕಲೆಯ ಪಾತ್ರ ನಿರ್ದೋಷಿಯದಲ್ಲ. ನ್ಯೂಯಾರ್ಕಿನ ಹಳೆಯ ಕಾರ್ಖಾನೆಗಳ ಮಹಡಿಗಳು ಮೊದಲು ಕಲಾವಿದರ ಕಾರ್ಯಶಾಲೆಗಳಾಗಿ, ಬಳಿಕ ದುಬಾರಿ ವಸತಿಗಳಾಗಿ ಬದಲಾದ ಬಗೆಯನ್ನು ಶರೋನ್ ಝೂಕಿನ್ 1982ರ ತಮ್ಮ ಗ್ರಂಥದಲ್ಲಿ ನಿರೂಪಿಸಿದರು. ಅದೇ ನಗರದ ಲೋಯರ್ ಈಸ್ಟ್ ಸೈಡ್‌ನ ಬಡವರನ್ನು ಹೊರದೂಡುವಲ್ಲಿ ಕಲಾ ಗ್ಯಾಲರಿಗಳು ಹೇಗೆ ಪಾಲುಗಾರರಾದವು ಎಂಬುದನ್ನು ರೊಸಾಲಿನ್ ಡಾಯ್ಚ್ ಮತ್ತು ಕಾರಾ ಜೆಂಡೆಲ್ ರಯಾನ್ 1984ರಲ್ಲಿ ಎತ್ತಿ ತೋರಿದರು. ಹೀಗಿರುವಾಗ, ಕುಲೀನೀಕರಣಕ್ಕೆ ಬಾಗಿಲು ತೆರೆಯುವ ಕಲೆಯೇ ಅದನ್ನು ಪ್ರತಿರೋಧಿಸಬಲ್ಲದೇ ಎಂಬುದು ಮುಖ್ಯ ಪ್ರಶ್ನೆಯಾಗುತ್ತದೆ. ಜರ್ಮನಿಯ ಹ್ಯಾಂಬರ್ಗ್ ನಗರದ ಸಾಂಕ್ಟ್ ಪೌಲಿ ಬಡಾವಣೆಯಲ್ಲಿ 1990ರ ದಶಕದ ಮಧ್ಯಭಾಗದಿಂದ ರೂಪುಗೊಂಡು 2005ರಲ್ಲಿ ಸಾರ್ವಜನಿಕ ಉದ್ಯಾನವಾಗಿ ತೆರೆದುಕೊಂಡ 'ಪಾರ್ಕ್ ಫಿಕ್ಷನ್' ಯೋಜನೆ ಈ ಪ್ರಶ್ನೆಯನ್ನು ಪರಿಶೀಲಿಸಲು ಸೂಕ್ತವಾದ ನಿದರ್ಶನ. ಅದನ್ನು ಜಾನಪದ ಅಧ್ಯಯನದ ಪರಿಕಲ್ಪನೆಗಳಿಂದ ವಿಶ್ಲೇಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಸಾಂಕ್ಟ್ ಪೌಲಿ ಎಲ್ಬೆ ನದಿಯ ದಡದಲ್ಲಿರುವ ಬಂದರು ಬಡಾವಣೆ. ನಾವಿಕರು, ಬಂದರಿನ ಕೂಲಿಗಳು, ವಲಸಿಗರು, ರೇಪರ್‌ಬಾನ್ ಬೀದಿಯ ರಾತ್ರಿಜೀವನವನ್ನು ಅವಲಂಬಿಸಿದವರು ಇಲ್ಲಿ ಬದುಕು ಕಟ್ಟಿಕೊಂಡಿದ್ದರು. ಕಂಟೇನರ್ ಸಾಗಣೆ ಬಂದ ಮೇಲೆ ಬಂದರಿನ ಕೆಲಸ ನದಿಯ ದಕ್ಷಿಣ ದಡಕ್ಕೆ ಸರಿಯಿತು. ಉತ್ತರ ದಡದ ನೆಲ ಬಂದರಿಗೆ ಬೇಡವಾದಷ್ಟೂ ಕಟ್ಟಡ ನಿರ್ಮಾಪಕರಿಗೆ ಬೇಕಾಯಿತು. ಇದೇ ದಡದ ಹಾಫೆನ್‌ಸ್ಟ್ರಾಸೆಯ ಖಾಲಿ ಮನೆಗಳನ್ನು 1981ರಿಂದ ಯುವಜನರು ವಶಪಡಿಸಿಕೊಂಡು ವಾಸಿಸತೊಡಗಿದ್ದರು. ಅವರನ್ನು ತೆರವುಗೊಳಿಸುವ ಪ್ರಯತ್ನಗಳು 1987ರಲ್ಲಿ ಬೀದಿಗೆ ಅಡ್ಡಗಟ್ಟೆ ಹಾಕುವ ಮಟ್ಟದ ಸಂಘರ್ಷಕ್ಕೆ ಎಡೆಮಾಡಿದವು. 1990ರ ದಶಕದಲ್ಲಿ ಆ ಮನೆಗಳು ನಿವಾಸಿಗಳ ಸಹಕಾರ ಸಂಘದ ಒಡೆತನಕ್ಕೆ ಬಂದವು.

ಈ ಮನೆಗಳ ಸಮೀಪದಲ್ಲಿ, ನದಿಯತ್ತ ತೆರೆದಿದ್ದ ಒಂದು ಜಾಗದಲ್ಲಿ ಕಟ್ಟಡ ನಿರ್ಮಿಸಲು ನಗರಾಡಳಿತ ಯೋಚಿಸಿದಾಗ ನೆರೆಹೊರೆಯವರು ಅಲ್ಲಿ ಉದ್ಯಾನ ಬೇಕೆಂದರು. ಕಲಾವಿದರಾದ ಕ್ರಿಸ್ಟೋಫ್ ಶೇಫರ್ ಹಾಗೂ ಕ್ಯಾಥಿ ಸ್ಕೀನ್, ಚಲನಚಿತ್ರ ನಿರ್ದೇಶಕಿ ಮಾರ್ಗಿಟ್ ಚೆಂಕಿ ಮೊದಲಾದವರು ಈ ಬೇಡಿಕೆಯೊಂದಿಗೆ ಕೂಡಿಕೊಂಡರು. ಇಗರ್ಜಿ, ಶಾಲೆ, ಹಾಫೆನ್‌ಸ್ಟ್ರಾಸೆಯ ನಿವಾಸಿಗಳು, ಸಂಗೀತಗಾರರು, ಅಂಗಡಿಕಾರರು ಒಂದೇ ಬೇಡಿಕೆಯ ಸುತ್ತ ಕಲೆತರು. ಇಲ್ಲಿ ಕಲಾವಿದರು ಹೊರಗಿನಿಂದ ಬಂದು ಜನರನ್ನು ಒಗ್ಗೂಡಿಸಲಿಲ್ಲ. ಆಗಲೇ ಒಗ್ಗೂಡಿದ್ದ ಜನರ ನಡುವೆ ಅವರು ತಮ್ಮ ಕಸುಬನ್ನು ತೊಡಗಿಸಿದರು ಎಂಬುದು ಗಮನಾರ್ಹ.

3

ಯೋಜನೆಯ ವೈಶಿಷ್ಟ್ಯವಿರುವುದು ಅದರ ವಿಧಾನದಲ್ಲಿ. ಅನುಮತಿಗಾಗಿ ಕಾಯದೆ, ಉದ್ಯಾನವು ಈಗಾಗಲೇ ಅಸ್ತಿತ್ವದಲ್ಲಿದೆ ಎಂಬಂತೆ ಜನರು ಆ ಜಾಗದಲ್ಲಿ ನಡೆದುಕೊಂಡರು. ಉಪನ್ಯಾಸ, ಚಿತ್ರಪ್ರದರ್ಶನ, ವನಭೋಜನಗಳು ಜರುಗಿದವು. 'ಫಿಕ್ಷನ್' ಎಂಬ ಪದ ಇಲ್ಲಿ ಸುಳ್ಳನ್ನಲ್ಲ, ಸಂಭವಿಸಬಲ್ಲದ್ದನ್ನು ಸೂಚಿಸುತ್ತದೆ. ಹೋರಾಟದ ಒತ್ತಡಕ್ಕೆ ಮಣಿದ ನಗರಾಡಳಿತ ಉದ್ಯಾನಕ್ಕೆ ಒಪ್ಪಿಗೆ ನೀಡಿದ ಮೇಲೆ, ಅದರ ವಿನ್ಯಾಸವನ್ನು ಜನರೇ ರೂಪಿಸುವ ಪ್ರಕ್ರಿಯೆ ಆರಂಭವಾಯಿತು. ಸ್ಥಳದಲ್ಲೇ ಒಂದು ಕಂಟೇನರನ್ನು ನಿಲ್ಲಿಸಿ ಯೋಜನಾ ಕಚೇರಿಯನ್ನು ತೆರೆಯಲಾಯಿತು. ಅಲ್ಲಿ ಮಣ್ಣಿನಲ್ಲಿ ಮಾದರಿ ಮಾಡಲು ಅವಕಾಶವಿತ್ತು, ಉದ್ಯಾನಗಳನ್ನು ಕುರಿತ ಪುಸ್ತಕಗಳಿದ್ದವು, ಬಯಕೆಗಳನ್ನು ಹೇಳಲು ದೂರವಾಣಿ ಇತ್ತು. ಕಂಟೇನರಿನ ತನಕ ಬರಲಾರದವರಿಗಾಗಿ ಸಂಚಾರಿ ಪೆಟ್ಟಿಗೆಯೊಂದು ಸಿದ್ಧವಾಯಿತು. ಅದರಲ್ಲಿ ಪ್ರಶ್ನಾವಳಿ, ಬಂದರಿನ ಮಡಚುವ ಚಿತ್ರ, ಧ್ವನಿಮುದ್ರಕ, ತಕ್ಷಣ ಚಿತ್ರ ಕೊಡುವ ಕ್ಯಾಮೆರಾ, ಮಾದರಿ ಮಾಡುವ ಹಿಟ್ಟು ಇದ್ದವು. ಹೀಗೆ ಕೂಡಿಬಂದುದನ್ನು 'ಬಯಕೆಗಳ ದಾಖಲೆಸಂಗ್ರಹ' ಎಂದು ಕರೆದರು. ಇಡೀ ಕಾರ್ಯಕ್ಕೆ 'ಬಯಕೆಗಳ ಸಾಮೂಹಿಕ ಉತ್ಪಾದನೆ' ಎಂಬ ಹೆಸರಾಯಿತು. ಚೆಂಕಿಯವರ 1999ರ ಚಿತ್ರದ ಶೀರ್ಷಿಕೆಯಲ್ಲೂ ಬಯಕೆಗಳು ಮನೆಯಿಂದ ಹೊರಟು ಬೀದಿಗಿಳಿಯುತ್ತವೆ ಎಂಬ ಅರ್ಥವಿದೆ.

ಕ್ಷೇತ್ರಕಾರ್ಯದ ಅನುಭವವಿರುವ ಯಾವ ಜಾನಪದ ಸಂಶೋಧಕರಿಗೂ ಈ ಪೆಟ್ಟಿಗೆ ಅಪರಿಚಿತವೆನಿಸದು. ಪ್ರಶ್ನಾವಳಿ, ಧ್ವನಿಮುದ್ರಕ, ಕ್ಯಾಮೆರಾ ಇವು ಜಾನಪದ ಸಂಗ್ರಹದ ಉಪಕರಣಗಳೇ ಆಗಿವೆ. ಜಾನಪದವೆಂದರೆ ಹಳ್ಳಿಯ ಅನಕ್ಷರಸ್ಥರ ಸೊತ್ತು ಎಂಬ ಗ್ರಹಿಕೆಯನ್ನು ಅಲನ್ ಡಂಡೆಸ್ ತಮ್ಮ 1977ರ ಪ್ರಬಂಧದಲ್ಲಿ ತಳ್ಳಿಹಾಕಿ, ಸಮಾನ ಅಂಶವೊಂದನ್ನು ಹಂಚಿಕೊಂಡ ಯಾವುದೇ ಗುಂಪೂ 'ಜನಪದ'ವೇ ಎಂದರು. ಅದಕ್ಕೂ ಮೊದಲೇ, 1961ರಲ್ಲಿ, ಜರ್ಮನಿಯ ಹರ್ಮನ್ ಬೌಸಿಂಗರ್ ತಂತ್ರಜ್ಞಾನದ ಜಗತ್ತಿನಲ್ಲಿ ಜನಪದ ಸಂಸ್ಕೃತಿ ಅಳಿಯದೆ ಹೊಸ ರೂಪಗಳನ್ನು ಪಡೆಯುತ್ತದೆ ಎಂದು ವಾದಿಸಿದ್ದರು. ಈ ನೆಲೆಯಿಂದ ನೋಡಿದರೆ ಸಾಂಕ್ಟ್ ಪೌಲಿಯ ನೆರೆಹೊರೆಯೂ ಒಂದು ಜನಪದ; ಅದರ ಬಯಕೆಗಳೂ ಜಾನಪದ ಸಾಮಗ್ರಿ.

ಆದರೆ ವ್ಯತ್ಯಾಸವೂ ಸ್ಪಷ್ಟವಾಗಿದೆ. ಜಾನಪದ ಸಂಗ್ರಹ ಸಾಮಾನ್ಯವಾಗಿ ಹಿಂದಿನಿಂದ ಬಂದುದನ್ನು, ಮರೆಯಾಗುತ್ತಿರುವುದನ್ನು ಹುಡುಕುತ್ತದೆ. ಇಲ್ಲಿನ ಸಂಗ್ರಹ ಇನ್ನೂ ಆಗದಿರುವುದನ್ನು ಕೇಳಿತು. ಅಲ್ಲಿ ವಕ್ತೃವಿನಿಂದ ಪಡೆದ ಪಠ್ಯ ವಿಶ್ವವಿದ್ಯಾಲಯದ ಕಪಾಟನ್ನೋ ಗ್ರಂಥವನ್ನೋ ಸೇರುತ್ತದೆ. ಇಲ್ಲಿ ವಕ್ತೃ ಹೇಳಿದ್ದು ನೆಲದ ಮೇಲೆ ರೂಪ ತಾಳಬೇಕೆಂಬ ಒಪ್ಪಂದ ಮೊದಲೇ ಇತ್ತು.

4

ಈ ವ್ಯತ್ಯಾಸದ ಮಹತ್ವವನ್ನು ಅರಿಯಲು ಕನ್ನಡದ 'ಬಯಕೆ' ಎಂಬ ಮಾತೇ ನೆರವಾಗುತ್ತದೆ. ನಮ್ಮ ಜನಪದ ಗೀತಪರಂಪರೆಯಲ್ಲಿ ಬಯಕೆಯ ಹಾಡುಗಳು ಒಂದು ಪ್ರತ್ಯೇಕ ಪ್ರಕಾರವಾಗಿವೆ. ಬಸಿರಿಯು ತನಗೆ ಬೇಕಾದ ತಿನಿಸು, ಹಣ್ಣು, ಹೂವುಗಳನ್ನು ಒಂದೊಂದಾಗಿ ಹೇಳುವುದು ಈ ಹಾಡುಗಳ ಸ್ವರೂಪ. ಬಯಕೆ ಎಷ್ಟೇ ವಿಚಿತ್ರವಾಗಿದ್ದರೂ ಅದನ್ನು ಯಾರೂ ಹುಚ್ಚಾಟವೆಂದು ತಳ್ಳಿಹಾಕುವುದಿಲ್ಲ. ಒಮ್ಮೆ ಬಾಯಿಬಿಟ್ಟು ಹೇಳಿದ ಬಯಕೆ ಕೇಳಿಸಿಕೊಂಡವರ ಮೇಲೆ ಹೊಣೆಯಾಗಿ ಬೀಳುತ್ತದೆ. ತೀರಿಸದಿದ್ದರೆ ಹುಟ್ಟಲಿರುವ ಜೀವಕ್ಕೆ ಕೊರತೆಯೆಂಬ ನಂಬಿಕೆ ಅದಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಬಯಕೆಯೆಂಬುದು ಇಲ್ಲಿ ಖಾಸಗಿ ಹಂಬಲವಾಗಿ ಉಳಿಯದೆ ಸಾಮಾಜಿಕ ಬಾಧ್ಯತೆಯಾಗುತ್ತದೆ.

ಪಾರ್ಕ್ ಫಿಕ್ಷನ್ನಿನ ಯುಟೋಪಿಯಾ ಈ ಬಗೆಯದು. ತಾಮಸ್ ಮೋರ್ 1516ರಲ್ಲಿ ಗ್ರೀಕ್ ಪದಗಳಿಂದ ಕಟ್ಟಿದ 'ಯುಟೋಪಿಯಾ' ಎಂಬ ಹೆಸರಿಗೆ 'ಎಲ್ಲಿಯೂ ಇಲ್ಲದ ನಾಡು' ಎಂದೂ, ಧ್ವನಿಸಾಮ್ಯದಿಂದ 'ಒಳ್ಳೆಯ ನಾಡು' ಎಂದೂ ಅರ್ಥವಾಗುತ್ತದೆ. ಮೋರ್‌ನ ದ್ವೀಪ ಒಬ್ಬ ಲೇಖಕನ ಪೂರ್ಣ ಚಿತ್ರ. ಅಲ್ಲಿನ ನಿವಾಸಿಗಳಿಗೆ ಏನು ಬೇಕೆಂದು ಯಾರೂ ಕೇಳಿಲ್ಲ. ಸಾಂಕ್ಟ್ ಪೌಲಿಯಲ್ಲಿ ಪೂರ್ಣ ಚಿತ್ರವೇ ಇರಲಿಲ್ಲ, ಬಿಡಿ ಬಯಕೆಗಳಿದ್ದವು. ಮಾಗಿದ ಸ್ಟ್ರಾಬೆರಿ ಹಣ್ಣಿನ ಆಕಾರದ ಮರಮನೆ ಬೇಕೆಂಬ ಬಯಕೆಗೂ ಸಂಗ್ರಹದಲ್ಲಿ ಸ್ಥಾನ ದೊರೆಯಿತು. ಉತ್ತರ ಜರ್ಮನಿಯ ಚಳಿಯಲ್ಲಿ ಬದುಕದ ತಾಳೆಮರಗಳು ಲೋಹದಲ್ಲಿ ಮೂಡಿದವು. ಅಲೆಯಂತೆ ಏರಿಳಿಯುವ ಹುಲ್ಲುಹಾಸು 'ಹಾರುವ ಚಾಪೆ'ಯಾಯಿತು. ಆಟದ ಅಂಗಳದ ನೆಲಹಾಸಿನಲ್ಲಿ ಟ್ಯೂಲಿಪ್ ಹೂವಿನ ವಿನ್ಯಾಸ ಬಂದಿತು. ಹಾರುವ ಚಾಪೆ ಕಥಾಲೋಕದ ಪ್ರಸಿದ್ಧ ಆಶಯಗಳಲ್ಲಿ ಒಂದು ಎಂಬುದನ್ನು ಜಾನಪದ ಅಧ್ಯಯನಕಾರರಿಗೆ ವಿವರಿಸಬೇಕಾಗಿಲ್ಲ. ಕಥೆಯ ಆಶಯ ಇಲ್ಲಿ ಜನರು ಕುಳಿತು ಹಡಗುಗಳನ್ನು ನೋಡುವ ಜಾಗವಾಗಿ ಮಾರ್ಪಟ್ಟಿದೆ.

5

2002ರಲ್ಲಿ ಕಾಸೆಲ್ ನಗರದ ಹನ್ನೊಂದನೆಯ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಈ ಯೋಜನೆ ಸ್ಥಾನ ಪಡೆಯಿತು. ಉದ್ಯಾನ ಪೂರ್ಣಗೊಳ್ಳುವ ಮೊದಲೇ ಕಲಾಲೋಕದ ಮನ್ನಣೆ ಬಂದುದು ವಿಮರ್ಶೆಗೆ ಅವಕಾಶ ನೀಡುವ ಸಂಗತಿ. ಸಹಭಾಗಿ ಕಲೆಯನ್ನು ಅದರ ಸದುದ್ದೇಶದಿಂದಷ್ಟೇ ಅಳೆಯುವ ಪ್ರವೃತ್ತಿಯನ್ನು ಕ್ಲೇರ್ ಬಿಷಪ್ 2006ರಿಂದಲೂ ಆಕ್ಷೇಪಿಸುತ್ತ ಬಂದಿದ್ದಾರೆ. ಪ್ರಭುತ್ವವು ತನ್ನ ಹೊಣೆಗಳಿಂದ ಹಿಂದೆ ಸರಿಯುವ ಹೊತ್ತಿನಲ್ಲಿ 'ಸಹಭಾಗಿತ್ವ' ಎಂಬ ಮಾತು ಅದಕ್ಕೆ ಅನುಕೂಲಕರವಾಗುತ್ತದೆ ಎಂಬ ಅವರ ಎಚ್ಚರಿಕೆಯಲ್ಲಿ ತಥ್ಯವಿದೆ. ಇದಕ್ಕೆ ಪ್ರತಿಯಾಗಿ ಗ್ರಾಂಟ್ ಕೆಸ್ಟರ್ ತಮ್ಮ 2011ರ ಗ್ರಂಥದಲ್ಲಿ ಸಂವಾದವನ್ನೇ ಕಲೆಯ ಸಾಮಗ್ರಿಯೆಂದು ಪರಿಗಣಿಸುತ್ತಾರೆ. ಅವರು ಪಾರ್ಕ್ ಫಿಕ್ಷನ್ನಿನ ಜೊತೆಗೆ ಛತ್ತೀಸಗಢದ ಕೊಂಡಗಾಂವ್ ಪರಿಸರದ ಕೆಲಸವನ್ನೂ ಚರ್ಚಿಸಿರುವುದು ಭಾರತೀಯ ಓದುಗರಿಗೆ ಮುಖ್ಯ. ಅಲ್ಲಿ ಮುಂಬಯಿಯ ಕಲಾವಿದೆ ನವಜೋತ್ ಅಲ್ತಾಫ್ ಆದಿವಾಸಿ ಕಲಾವಿದರೊಂದಿಗೆ ಕೂಡಿ ಕೈಪಂಪುಗಳ ಸುತ್ತಲ ಜಾಗವನ್ನು ಮರುರೂಪಿಸಿದರು. ನೀರು ಹೊರುವ ಹೆಂಗಸರಿಗೆ ಕೊಡ ಎತ್ತಿಕೊಳ್ಳಲು ಅನುಕೂಲವಾಗುವ ಕಟ್ಟೆಗಳೇ ಅಲ್ಲಿ ಶಿಲ್ಪಗಳಾದವು. ನಿತ್ಯದ ಬಳಕೆಯೇ ಕಲೆಯ ಅಳತೆಗೋಲಾಗುವುದು ಈ ಎರಡೂ ನಿದರ್ಶನಗಳ ಸಮಾನ ಗುಣ.

ಆದರೆ ಬಳಕೆಯ ಅಳತೆಗೋಲೂ ಕುಲೀನೀಕರಣದ ಪ್ರಶ್ನೆಯನ್ನು ಪೂರ್ತಿ ಬಿಡಿಸುವುದಿಲ್ಲ. ಒಳ್ಳೆಯ ಉದ್ಯಾನ ಸುತ್ತಲಿನ ಮನೆಗಳ ಬೆಲೆಯನ್ನು ಏರಿಸಬಲ್ಲದು. ನದಿಯ ನೋಟವನ್ನು ಎಲ್ಲರಿಗೂ ಉಳಿಸಿಕೊಟ್ಟ ಹೋರಾಟವೇ ಆ ನೋಟವನ್ನು ದುಬಾರಿಯಾಗಿಸುವ ಸಾಧ್ಯತೆ ಇದೆ. ಉದ್ಯಾನವನ್ನು ಗೆದ್ದವರು ಬಾಡಿಗೆಯ ಮೇಲೆ ಹಿಡಿತ ಪಡೆಯಲಿಲ್ಲ. ಸಾಂಕ್ಟ್ ಪೌಲಿಯ ಬಾಡಿಗೆ ಏರುತ್ತಲೇ ಹೋಯಿತು. ಪಾರ್ಕ್ ಫಿಕ್ಷನ್ನಿನ ಯಶಸ್ಸಿನ ಮಿತಿ ಇಲ್ಲಿದೆ. ಹಾಫೆನ್‌ಸ್ಟ್ರಾಸೆಯ ಮನೆಗಳಂತೆ ಒಡೆತನ ಸಹಕಾರ ಸಂಘದ್ದಾದ ಕಡೆ ನಿವಾಸಿಗಳಿಗೆ ರಕ್ಷಣೆ ದೊರೆಯಿತು. ಮಾರುಕಟ್ಟೆಗೆ ಬಿಟ್ಟ ಕಡೆ ಉದ್ಯಾನವೊಂದೇ ಅವರನ್ನು ಕಾಯಲಾರದು.

6

ಹ್ಯಾಂಬರ್ಗ್‌ನ ಮುಂದಿನ ಎರಡು ಘಟನೆಗಳು ಈ ಮಾತನ್ನು ಪುಷ್ಟೀಕರಿಸುತ್ತವೆ. ಮೊದಲನೆಯದು ಗೆಂಗೆಫಿಯರ್ಟೆಲ್ ಪ್ರಕರಣ. ನಗರದ ಮಧ್ಯಭಾಗದಲ್ಲಿ ಹೂಡಿಕೆದಾರ ಸಂಸ್ಥೆಗೆ ಮಾರಾಟವಾಗಿದ್ದ ಹಳೆಯ ಕಟ್ಟಡಗಳನ್ನು 2009ರ ಆಗಸ್ಟ್ 22ರಂದು ಸುಮಾರು 200 ಕಲಾವಿದರು ಮತ್ತು ಕಾರ್ಯಕರ್ತರು ಪ್ರವೇಶಿಸಿ ವಶಪಡಿಸಿಕೊಂಡರು. ಅದೇ ವರ್ಷ, ಹ್ಯಾಂಬರ್ಗನ್ನು ಒಂದು 'ಬ್ರ್ಯಾಂಡ್' ಆಗಿ ಮಾರಲು ತಮ್ಮ ಹೆಸರನ್ನು ಬಳಸಬಾರದೆಂದು ಕಲಾವಿದರು ಪ್ರಣಾಳಿಕೆ ಹೊರಡಿಸಿದರು. ಸೃಜನಶೀಲ ವರ್ಗವನ್ನು ಸೆಳೆಯುವ ನಗರಗಳೇ ಏಳಿಗೆ ಹೊಂದುತ್ತವೆ ಎಂಬ ರಿಚರ್ಡ್ ಫ್ಲೋರಿಡಾರ 2002ರ ಸಿದ್ಧಾಂತವನ್ನು ನಗರಾಡಳಿತಗಳು ಮಂತ್ರದಂತೆ ಜಪಿಸುತ್ತಿದ್ದ ಕಾಲವದು. ಕಲಾವಿದರು ತಮ್ಮನ್ನು ಕುಲೀನೀಕರಣದ ಮುಂಚೂಣಿ ದಳವಾಗಿಸುವ ಹುನ್ನಾರವನ್ನು ಹೆಸರಿಸಿ ನಿರಾಕರಿಸಿದರು. 2009ರ ಡಿಸೆಂಬರಿನಲ್ಲಿ ನಗರವು ಆ ಕಟ್ಟಡಗಳನ್ನು ಮರಳಿ ಖರೀದಿಸಿತು. ಪ್ರಣಾಳಿಕೆಯ ಮಾತಿಗೆ ಬಲ ಬಂದುದು ಕಟ್ಟಡದ ವಾಸ್ತವಿಕ ವಶದಿಂದ ಎಂಬುದನ್ನು ಮರೆಯುವಂತಿಲ್ಲ.

ಎರಡನೆಯದು 'ಎಸ್ಸೊ ಮನೆಗಳ' ಪ್ರಕರಣ. ಪೆಟ್ರೋಲ್ ಬಂಕಿನಿಂದ ಈ ಹೆಸರು ಪಡೆದ ರೇಪರ್‌ಬಾನ್ ಬಳಿಯ ವಸತಿ ಕಟ್ಟಡಗಳನ್ನು ಕುಸಿತದ ಭೀತಿಯಿಂದ 2013ರ ಡಿಸೆಂಬರಿನಲ್ಲಿ ತೆರವುಗೊಳಿಸಿ, 2014ರಲ್ಲಿ ಕೆಡವಲಾಯಿತು. ಪಾರ್ಕ್ ಫಿಕ್ಷನ್ನಿನ ಅನುಭವವಿದ್ದವರನ್ನೂ ಒಳಗೊಂಡ 'ಪ್ಲಾನ್‌ಬೂಡೆ' ಎಂಬ ತಂಡ ಅಲ್ಲಿಯೂ ಕಂಟೇನರ್ ನಿಲ್ಲಿಸಿ, ಪ್ರಶ್ನಾವಳಿ, ಮಣ್ಣು, ಲೆಗೊ ಮಾದರಿಗಳ ಮೂಲಕ 2,300ಕ್ಕೂ ಹೆಚ್ಚು ಸಲಹೆಗಳನ್ನು ಸಂಗ್ರಹಿಸಿತು. ಅವುಗಳಿಂದ ಬಡಾವಣೆಯ ಗುಣವನ್ನು ನಿರೂಪಿಸುವ ಸೂತ್ರಗಳು ರೂಪುಗೊಂಡವು; 2015ರಲ್ಲಿ ವಾಸ್ತುಶಿಲ್ಪ ಸ್ಪರ್ಧೆಯ ಫಲಿತಾಂಶವೂ ಹೊರಬಂದಿತು. ವಿಧಾನದ ದೃಷ್ಟಿಯಿಂದ ಇದು ಮೊದಲನೆಯದಕ್ಕಿಂತ ಪಕ್ವವಾದ ಸಂಗ್ರಹ. ಆದರೂ ಆ ನಿವೇಶನ ಮುಂದಿನ ಹಲವು ವರ್ಷಗಳ ಕಾಲ ಖಾಲಿಯೇ ಉಳಿಯಿತು. ಬಯಕೆಯನ್ನು ಹೇಳಿದವರು ಬೇರೆ, ನೆಲದ ಒಡೆಯರು ಬೇರೆಯಾಗಿದ್ದರು. ಹೇಳಿದ ಬಯಕೆಯನ್ನು ಈಡೇರಿಸುವ ಬಾಧ್ಯತೆ ಒಡೆತನದ ಮೇಲೆ ಬೀಳಲಿಲ್ಲ.

7

ಈ ವಿವೇಚನೆಯಿಂದ ಹೊರಡುವ ತೀರ್ಮಾನ ಇಷ್ಟು. ಸಹಭಾಗಿ ಕಲೆಯ ಪ್ರತಿರೋಧಶಕ್ತಿ ಅದು ಚಿತ್ರಿಸುವ ಆದರ್ಶಲೋಕದ ಸೊಬಗಿನಲ್ಲಿಲ್ಲ, ಸಂಗ್ರಹಿಸಿದ ಸಲಹೆಗಳ ಸಂಖ್ಯೆಯಲ್ಲೂ ಇಲ್ಲ. ಬಯಕೆಯ ಕಡತಕ್ಕೂ ನೆಲದ ಹಕ್ಕಿಗೂ ನಡುವಿನ ಕೊಂಡಿ ಎಷ್ಟು ಗಟ್ಟಿಯಾಗಿದೆ ಎಂಬುದೇ ನಿರ್ಣಾಯಕ. ಅನ್ರಿ ಲೆಫೆವ್ರ್ 1968ರಲ್ಲಿ ಮಂಡಿಸಿದ 'ನಗರದ ಹಕ್ಕು' ಎಂಬ ಪರಿಕಲ್ಪನೆ ನಗರದಲ್ಲಿ ಇರುವ ಹಕ್ಕನ್ನು ಮಾತ್ರವಲ್ಲ, ನಗರವನ್ನು ರೂಪಿಸುವ ಹಕ್ಕನ್ನೂ ಕುರಿತದ್ದು. ಪಾರ್ಕ್ ಫಿಕ್ಷನ್ ಆ ಹಕ್ಕನ್ನು ಒಂದು ತುಂಡು ನೆಲದ ಮಟ್ಟಿಗೆ ಚಲಾಯಿಸಿ ತೋರಿಸಿತು. ಇಸ್ತಾಂಬುಲ್‌ನ ಗೆಝಿ ಉದ್ಯಾನದ ಹೋರಾಟಗಾರರಿಗೆ ಬೆಂಬಲವಾಗಿ 2013ರ ಜೂನ್‌ನಲ್ಲಿ ಅದು 'ಗೆಝಿ ಪಾರ್ಕ್ ಫಿಕ್ಷನ್' ಎಂಬ ಹೆಸರನ್ನು ಧರಿಸಿತು. ಗೆದ್ದ ನೆಲ ಇತರರ ಹೋರಾಟದೊಂದಿಗೂ ಗುರುತಿಸಿಕೊಂಡಿತು ಎಂಬುದಕ್ಕೆ ಇದು ಸಾಕ್ಷಿ.

ಜಾನಪದ ಅಧ್ಯಯನಕ್ಕೂ ಇಲ್ಲಿ ಒಂದು ಪ್ರಶ್ನೆ ಎದುರಾಗುತ್ತದೆ. ಹಾಡನ್ನೂ ಕಥೆಯನ್ನೂ ಹೇಳಿದವರಿಂದ ಪಡೆದು ಸಂಪುಟಗಳಲ್ಲಿ ಜೋಪಾನ ಮಾಡುವ ಕೆಲಸ ಬಹುಕಾಲದಿಂದ ಸಾಗಿಬಂದಿದೆ. ಹಾಡಿದವರ ಕೇರಿ ಉಳಿಯಿತೇ, ಅವರಿಗೆ ಬೇಕಾದುದೇನು ಎಂಬ ವಿಚಾರಣೆ ಆ ಸಂಪುಟಗಳಲ್ಲಿ ವಿರಳ. ಕೇಳಿಸಿಕೊಂಡವರು ಹೇಳಿದವರಿಗೆ ಋಣಿಗಳು ಎಂಬುದು ಬಯಕೆಯ ಹಾಡುಗಳು ಕಲಿಸುವ ಪಾಠ. ಸಂಗ್ರಹಕಾರರು ಆ ಋಣವನ್ನು ಹೇಗೆ ತೀರಿಸಬೇಕೆಂಬುದು ಕಲಾವಿದರಿಗಷ್ಟೇ ಬಿಟ್ಟುಬಿಡಬಹುದಾದ ಪ್ರಶ್ನೆಯಲ್ಲ.