ಹೈಸ್ಕೂಲಿನ ತಂಡಕ್ಕೆ ತರಬೇತುದಾರರು ಎಷ್ಟು ಮಂದಿ?

ಅಮೆರಿಕದ ಹೈಸ್ಕೂಲಿನ ಬೇಸ್‌ಬಾಲ್ ಪಂದ್ಯದಲ್ಲಿ ಒಂದು ತಂಡದಿಂದ ಮೈದಾನಕ್ಕಿಳಿಯುವವರು ಒಂಬತ್ತು ಜನ. ಅವರ ಬೆನ್ನಿಗೆ ಒಬ್ಬ ಮುಖ್ಯ ತರಬೇತುದಾರ, ಚೆಂಡೆಸೆಯುವವರನ್ನು ನೋಡಿಕೊಳ್ಳಲು ಇನ್ನೊಬ್ಬ, ಬ್ಯಾಟ್ ಹಿಡಿಯುವವರಿಗೆ ಮತ್ತೊಬ್ಬ ಇರುವುದು ಅಲ್ಲಿ ವಿಶೇಷವೇನಲ್ಲ. ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಗೆ ಬನ್ನಿ. ಕಬಡ್ಡಿ, ಖೊಖೊ, ವಾಲಿಬಾಲ್, ಥ್ರೋಬಾಲ್, ಓಟ, ಜಿಗಿತ, ಗುಂಡು ಎಸೆತ ಎಲ್ಲಕ್ಕೂ ಪಿ.ಟಿ. ಸಾರ್ ಒಬ್ಬರೇ. ಹುಡುಗರ ತಂಡಕ್ಕೂ ಅವರೇ, ಹುಡುಗಿಯರ ತಂಡಕ್ಕೂ ಅವರೇ. ಬೆಳಗಿನ ಪ್ರಾರ್ಥನೆಯ ಸಾಲು ನಿಲ್ಲಿಸುವುದು, ಆಗಸ್ಟ್ 15ರ ಕವಾಯತು, ಗಲಾಟೆ ಮಾಡಿದವರನ್ನು ವಿಚಾರಿಸುವುದೂ ಅವರ ಪಾಲಿಗೇ.

ಇದನ್ನು ಬರೀ ಸಂಖ್ಯೆಯ ಕೊರತೆ ಎಂದು ಬರೆದು ಮುಗಿಸಬಹುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು, ಆ ಹೆಚ್ಚಿನ ಜನ ಅಲ್ಲಿ ಏನು ಮಾಡುತ್ತಾರೆ ಎಂಬುದು. 2014ರಲ್ಲಿ ಅಮೆರಿಕದ ಬೇಸ್‌ಬಾಲ್ ಸಂಸ್ಥೆಗಳು ಎಳೆಯ ಎಸೆತಗಾರರ ಭುಜ, ಮೊಣಕೈ ಉಳಿಸಲು ಒಂದು ಮಾರ್ಗಸೂಚಿ ಹೊರಡಿಸಿದವು: 15–16 ವಯಸ್ಸಿನವರು ದಿನಕ್ಕೆ 95 ಎಸೆತ ಮೀರಬಾರದು, ಎಸೆದ ಲೆಕ್ಕಕ್ಕೆ ತಕ್ಕಂತೆ ಇಷ್ಟು ದಿನ ವಿಶ್ರಾಂತಿ. 2017ರಿಂದ ಅಲ್ಲಿನ ಪ್ರೌಢಶಾಲಾ ಕ್ರೀಡಾ ಒಕ್ಕೂಟವೂ ಎಸೆತಕ್ಕೆ ಮಿತಿ ಹಾಕಲೇಬೇಕೆಂದು ರಾಜ್ಯಗಳಿಗೆ ಕಡ್ಡಾಯ ಮಾಡಿತು. ಅಂದರೆ ಬೆಂಚಿನ ಮೇಲೆ ಕೂತ ಒಬ್ಬರು ಇಡೀ ಪಂದ್ಯದಲ್ಲಿ ಒಂದು ಮಗುವಿನ ತೋಳನ್ನೇ ಲೆಕ್ಕ ಹಾಕುತ್ತಿರುತ್ತಾರೆ. ತರಬೇತಿಯ ಬೆಲೆ ಕಟ್ಟುವುದಾದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ: ಗೆಲುವಿನ ಗದ್ದಲದ ನಡುವೆ ಮಗುವಿನ ಮೈಯ ಮೇಲೆ ಕಣ್ಣಿಟ್ಟವರು ಯಾರಾದರೂ ಇದ್ದಾರೆಯೇ?

ನಮ್ಮ ತಾಲೂಕು ಮಟ್ಟದ ಕ್ರೀಡಾಕೂಟಗಳು ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಆಟದ ದಿನಾಂಕ ಬಂದ ಮೇಲೆ ತಂಡ ಕಟ್ಟುತ್ತೇವೆ. ಎತ್ತರದ, ಗಟ್ಟಿ ಮೈಯ ಹತ್ತು ಹನ್ನೆರಡು ಮಕ್ಕಳನ್ನು ಆರಿಸಿ ಎರಡು ವಾರ ಮೈದಾನಕ್ಕಿಳಿಸುತ್ತೇವೆ, ಉಳಿದವರು ಗೆರೆಯ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. ಕೂಟದ ದಿನ ಬೆಳಗ್ಗೆ ವಾಲಿಬಾಲ್ ಆಡಿದ ಹುಡುಗನೇ ಮಧ್ಯಾಹ್ನ ಕಬಡ್ಡಿಗೆ, ಸಂಜೆ ರಿಲೇ ಓಟಕ್ಕೆ. ಕಾಲಿಗೆ ಬೂಟಿಲ್ಲ, ಕೆಳಗೆ ಬಳ್ಳಾರಿಯ ಕಾದ ನೆಲ. ಅವನು ಕುಂಟಿದರೆ ಸ್ಪ್ರೇ ಹೊಡೆದು ಮತ್ತೆ ಒಳಗೆ ಕಳಿಸುವುದನ್ನು ಧೈರ್ಯ ಎಂದು ಹೊಗಳುತ್ತೇವೆ. ನನ್ನ ಪ್ರಕಾರ ಅದು ತರಬೇತಿ ಸೋತ ಜಾಗ. ತಪ್ಪು ಹುಡುಗನದಲ್ಲ, ಪಿ.ಟಿ. ಸಾರ್‌ದೂ ಪೂರ್ತಿ ಅಲ್ಲ. ಒಂದೇ ದಿನದಲ್ಲಿ ಎಲ್ಲ ಮುಗಿಸುವ ವೇಳಾಪಟ್ಟಿಯದು, ಶಾಲೆಯನ್ನು ಕಪ್ಪಿನಿಂದ ಅಳೆಯುವ ನಮ್ಮದು.

ಪಿ.ಟಿ. ಸಾರ್ ಎಂಬ ಈ ಹುದ್ದೆಯ ಹಿಂದೆ ಒಂದು ಇತಿಹಾಸವಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು. ಆ ಮದ್ರಾಸಿನಲ್ಲಿ 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರು ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ತಂಡವನ್ನು ಕರೆದೊಯ್ದವರೂ ಅವರೇ. ಅಲ್ಲಿಯವರೆಗೆ ಶಾಲೆಗಳಲ್ಲಿ ನಡೆಯುತ್ತಿದ್ದುದು ಹೆಚ್ಚಾಗಿ ಸೈನ್ಯದಿಂದ ನಿವೃತ್ತರಾದವರ ಕವಾಯತು. ಆಟ ಕಲಿಸುವುದೂ ಓದಿ ಪಡೆಯಬೇಕಾದ ವಿದ್ಯೆ ಎಂಬ ನಂಬಿಕೆ ಈ ಭಾಗಕ್ಕೆ ಬಂದದ್ದು ಆ ಕಾಲೇಜಿನ ದಾರಿಯಿಂದ. ಇವತ್ತು ದೈಹಿಕ ಶಿಕ್ಷಕರಾಗಲು ಓದುವ ಬಿ.ಪಿ.ಎಡ್. ಎರಡು ವರ್ಷದ ಕೋರ್ಸು. ಓದಿ ಬಂದವರಿಗೆ ಹತ್ತಾರು ಆಟದ ನಿಯಮ ಗೊತ್ತಿರುತ್ತದೆ, ಮೂಳೆ ಸ್ನಾಯುವಿನ ಪಾಠವೂ ಆಗಿರುತ್ತದೆ. ಆದರೆ ಶಾಲೆ ಅವರಿಂದ ಕೇಳುವುದು ಬಹುಪಾಲು ಹಳೆಯ ಡ್ರಿಲ್ ಮಾಸ್ತರರ ಕೆಲಸವನ್ನೇ. ತಮ್ಮನ್ನು ಸಹಶಿಕ್ಷಕರೆಂದು ಪರಿಗಣಿಸಿ, ಬಡ್ತಿಯ ದಾರಿ ತೆರೆಯಿರಿ ಎಂದು ರಾಜ್ಯದ ದೈಹಿಕ ಶಿಕ್ಷಕರು ದೈಹಿಕ ಶಿಕ್ಷಣದ ಬಗೆಗಿನ ಪ್ರೊ. ವೈದ್ಯನಾಥನ್ ವರದಿಯನ್ನು ಮುಂದಿಟ್ಟು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಅದು ಸಂಬಳದ ಜಗಳವೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಸ್ಟಾಫ್ ರೂಮಿನಲ್ಲಿ ಯಾರ ಮಾತಿಗೆ ತೂಕವಿಲ್ಲವೋ ಅವರು ‘ಈ ಹುಡುಗ ಇವತ್ತು ಆಡಬಾರದು’ ಎಂದರೆ ಯಾರು ಕೇಳುತ್ತಾರೆ?

ಈಗ ನಾನು ಮನಸ್ಸು ತುಂಬಿ ಮೆಚ್ಚುವ ಭಾಗಕ್ಕೆ ಬರುತ್ತೇನೆ. ತಾಲೂಕು ಕೂಟದ ತಯಾರಿ ನಡೆಯುವ ಹೊತ್ತಿಗೆ ಸಿರುಗುಪ್ಪದ ಕಾಲುವೆ ಬಯಲಿನಲ್ಲಿ ಭತ್ತದ ನಾಟಿ. ಕುರುಗೋಡು ಕಡೆ ವರ್ಷದ ಮೊದಲ ತಿಂಗಳುಗಳಲ್ಲಿ ಮೆಣಸಿನಕಾಯಿ ಬಿಡಿಸುವ ಕೆಲಸ. ಬಳ್ಳಾರಿ ಪಟ್ಟಣದ ಓಣಿಗಳಲ್ಲಿ ಜೀನ್ಸ್ ಹೊಲಿಯುವ ಮನೆಗಳು. ಎಲ್ಲ ಕಡೆಯೂ ಹದಿನೈದರ ಕೈಗಳಿಗೆ ಕೆಲಸವಿದೆ. ಒಬ್ಬ ಹುಡುಗಿ ಖೊಖೊ ತಂಡಕ್ಕೆ ಬರಬೇಕಾದರೆ ಮೊದಲು ಯಾರಾದರೂ ಅವಳ ಮನೆಯ ಕಟ್ಟೆಯ ಮೇಲೆ ಕೂರಬೇಕು. “ಅಕ್ಕಾ, ಮೂರು ದಿನ ಹುಡುಗೀನ ಕಳಸ್ರಿ. ನಾನೇ ಕರಕೊಂಡು ಹೋಗ್ತೀನಿ, ನಾನೇ ಮನಿಗೆ ತಂದು ಬಿಡ್ತೀನಿ.” “ಊರಾಗಿನವ್ರು ಏನಂತಾರ ಸಾರ್?” “ಟೀಚರಮ್ಮನೂ ಬರ್ತಾರ, ನೀವು ಚಿಂತಿ ಬಿಡ್ರಿ.” ಕೆಲವು ಕಡೆ ಇದೇ ಮಾತು ತೆಲುಗಿನಲ್ಲಿ ನಡೆಯುತ್ತದೆ. ಯಾವ ತರಬೇತಿ ಪುಸ್ತಕದಲ್ಲೂ ಈ ಕೌಶಲವಿಲ್ಲ. ಆದರೆ ಇದಿಲ್ಲದೆ ತಂಡವೇ ಇಲ್ಲ. ಮನೆಯ ಕಷ್ಟ ಗೊತ್ತಿದ್ದು, ಮಗುವನ್ನು ಹೆಸರು ಹಿಡಿದು ಕರೆದು ತರುವ ಈ ಶಕ್ತಿಯಲ್ಲಿ ನಮ್ಮ ಒಬ್ಬಂಟಿ ಪಿ.ಟಿ. ಸಾರ್ ಯಾವ ದೇಶದ ತರಬೇತುದಾರರಿಗೂ ಕಡಿಮೆಯಿಲ್ಲ. 2025ರ ಜನವರಿಯಲ್ಲಿ ದೆಹಲಿಯ ಖೊಖೊ ವಿಶ್ವಕಪ್ ಗೆದ್ದ ತಂಡದಲ್ಲಿ ಟಿ. ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ ಅಲ್ಲಿಗೆ ಮುಟ್ಟುವ ದಾರಿಯ ಮೊದಲ ಮೈಲಿ ಇಂಥ ಮಾತುಕತೆಗಳಲ್ಲೇ ಇರುತ್ತದೆ.

ಆ ಟೀಚರಮ್ಮನ ಬಗ್ಗೆ ಒಂದು ಮಾತು. ಹುಡುಗಿಯರ ತಂಡದ ಜೊತೆ ಹೋಗುವವರು ಹಲವು ಸಲ ಕನ್ನಡವನ್ನೋ ವಿಜ್ಞಾನವನ್ನೋ ಕಲಿಸುವ ಶಿಕ್ಷಕಿ. ಯಾರಿಗೆ ಮುಟ್ಟು, ಯಾರು ಬೆಳಗ್ಗೆ ಏನೂ ತಿಂದಿಲ್ಲ, ಯಾರು ಭಯದಿಂದ ಅಳುತ್ತಿದ್ದಾಳೆ ಎಂಬುದು ಗೊತ್ತಿರುವುದು ಅವರಿಗೆ ಮಾತ್ರ. ಸಂಜೆ ಮೈದಾನಕ್ಕೆ ಬರುವ ಹಳೆಯ ವಿದ್ಯಾರ್ಥಿಯೂ ಇದ್ದಾನೆ. ಹಗಲು ರೈಸ್‌ಮಿಲ್ಲಿನಲ್ಲಿ ದುಡಿದು, ತಾನು ಕಲಿತ ಪಟ್ಟನ್ನು ಚಿಕ್ಕವರಿಗೆ ಹೇಳಿಕೊಡುವವನು. ಅಂದ ಮೇಲೆ ನಮ್ಮಲ್ಲೂ ತರಬೇತುದಾರರ ಬಳಗ ಇದ್ದೇ ಇದೆ, ಕಾಗದದ ಮೇಲೆ ಇಲ್ಲ. ಹೆಸರಿಲ್ಲದ್ದರಿಂದ ಅವರಿಗೆ ತರಬೇತಿಯೂ ಇಲ್ಲ. ಉಳುಕಿದ ಕಾಲಿಗೆ ಏನು ಮಾಡಬೇಕೆಂದು ಅವರಿಗೆ ಯಾರೂ ಕಲಿಸಿಲ್ಲ. ಹಳೆಯ ಹುಡುಗ ಕಲಿಸುವುದರಲ್ಲಿ ಬಲವಿದೆ, ಬೀಳುವಾಗ ಮೈ ಉಳಿಸಿಕೊಳ್ಳುವ ಪಾಠವಿಲ್ಲ.

ಇದೇ ಜಿಲ್ಲೆಯ ತೋರಣಗಲ್ಲು ಬಳಿಯ ವಿಜಯನಗರದಲ್ಲಿ 2018ರಿಂದ ಇನ್ಸ್‌ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನೀರಜ್ ಚೋಪ್ರಾ ತರಬೇತಿ ಪಡೆದ ಜಾಗ. ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್‌ಗೆ ಪ್ರತ್ಯೇಕ ಕೋಚ್‌ಗಳು, ಫಿಸಿಯೋಗಳು, ಆಹಾರ ತಜ್ಞರು. ಅಂಥದ್ದನ್ನು ಪ್ರತಿ ಹೈಸ್ಕೂಲಿಗೂ ಕೇಳುವುದು ಹುಚ್ಚು. ಆದರೆ ವರ್ಷಕ್ಕೆ ಎರಡು ಸಲ ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಪಿ.ಟಿ. ಸಾರ್‌ಗಳನ್ನು, ಅವರ ಜೊತೆ ಆ ಟೀಚರಮ್ಮಂದಿರನ್ನೂ ಹಳೆಯ ಆಟಗಾರರನ್ನೂ ಅಲ್ಲಿಗೆ ಕರೆಸಿ ಗಾಯ, ವಿಶ್ರಾಂತಿ, ನೀರು, ಊಟದ ಬಗ್ಗೆ ಎರಡು ದಿನ ಕಲಿಸಲು ಶಿಕ್ಷಣ ಇಲಾಖೆಗೆ ದೊಡ್ಡ ಹಣ ಬೇಕಿಲ್ಲ. ತಾಲೂಕು ಕೂಟವನ್ನು ಒಂದು ದಿನದಿಂದ ಎರಡು ದಿನಕ್ಕೆ ಹಿಗ್ಗಿಸಬೇಕು. ಒಂದು ಮಗು ದಿನಕ್ಕೆ ಎಷ್ಟು ಪಂದ್ಯ ಆಡಬಹುದೆಂದು ಮಿತಿ ಹಾಕಿ, ಅದನ್ನು ಬರೆದಿಡುವ ಒಂದು ವಹಿಯನ್ನು ತೀರ್ಪುಗಾರರ ಮೇಜಿನ ಮೇಲೆ ಇಡಬೇಕು. ಆ ವಹಿಯನ್ನು ನೋಡಿ ಆಟಗಾರನನ್ನು ಹೊರಗೆ ಕೂರಿಸುವ ಅಧಿಕಾರ ಪಿ.ಟಿ. ಸಾರ್‌ಗೆ ಇರಬೇಕು, ಹೆಡ್‌ಮಾಸ್ತರರು ಕಪ್ಪು ಕೇಳಿದರೂ ಸರಿಯೇ.